ಬೆಲ್ಜಿಯಂ ಎಂಬ ಹಣೆಪಟ್ಟಿ: ಊದಿದ ಗಾಜನ್ನು ಓದುವ ಬಗೆ

ಹಳೆಯ ಗಾಜಿನ ವಿಷಯದಲ್ಲಿ ನಮ್ಮ ಗಡಿಸೀಮೆಯ ತೀರ್ಪು ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: 'ಬೆಲ್ಜಿಯಂ'. ಅಕ್ಕಲಕೋಟೆಯ ವಾಡೆಯಲ್ಲಿ ತೂಗುವ ಹಂಡಿ ದೀಪವೂ ಬೆಲ್ಜಿಯಂ, ತಾಂಡೂರಿನ ಹಳೆಯ ಮನೆಯ ಅತ್ತರಿನ ಶೀಶೆಯೂ ಬೆಲ್ಜಿಯಂ, ಕಾಸರಗೋಡಿನ ಬೀಡಿನ ಮನೆಯ ನಿಲುವುಗನ್ನಡಿಯೂ ಬೆಲ್ಜಿಯಂ. ಮಾರುವವನಿಗೆ ಇದು ಬೆಲೆ ಏರಿಸುವ ಮಾತು. ಇಟ್ಟುಕೊಂಡವರಿಗೆ ಮನೆತನದ ಹಿರಿಮೆ ಸಾರುವ ಮಾತು. ಆದರೆ ಬೆಲ್ಜಿಯಂ ಎಂಬ ರಾಜ್ಯ ಹುಟ್ಟಿದ್ದೇ 1830ರಲ್ಲಿ. ಅಲ್ಲಿನ ಹೆಸರಾಂತ ವಾಲ್ ಸೇಂಟ್ ಲ್ಯಾಂಬರ್ಟ್ ಕಾರ್ಖಾನೆ ಅದಕ್ಕೆ ನಾಲ್ಕು ವರ್ಷ ಮೊದಲು, 1826ರಲ್ಲಿ, ಆರಂಭವಾಯಿತು. ಹದಿನೆಂಟನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಾತ್ರೆ 'ಬೆಲ್ಜಿಯಂ'ನದಾಗಲು ಸಾಧ್ಯವಿಲ್ಲ. ನಮ್ಮ ಅರಮನೆಗಳ ತೂಗುದೀಪಗಳಲ್ಲಿ ಎಷ್ಟೋ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ. 1807ರಲ್ಲಿ ಅಲ್ಲಿ ಶುರುವಾದ ಆಸ್ಲರ್ ಸಂಸ್ಥೆ ಕಲ್ಕತ್ತೆಯಲ್ಲಿ ಮಳಿಗೆಯನ್ನೇ ತೆರೆದಿತ್ತು. ಹೀಗಿರುವಾಗ ಬೆಲ್ಜಿಯಂ ಎಂಬುದು ಒಂದು ಊರನ್ನೋ ನಾಡನ್ನೋ ಸೂಚಿಸುವ ಪದವಾಗಿ ಉಳಿದಿಲ್ಲ; 'ಹಳೆಯದು, ಒಳ್ಳೆಯದು, ಹೊರಗಿನದು' ಎಂಬ ಮೂರು ಗುಣಗಳ ಒಟ್ಟು ಹೆಸರಾಗಿಬಿಟ್ಟಿದೆ.

ಹಣೆಪಟ್ಟಿ ತಪ್ಪೆಂಬುದು ಇಲ್ಲಿ ಮುಖ್ಯ ಆಕ್ಷೇಪವಲ್ಲ. ತಪ್ಪು ಹಣೆಪಟ್ಟಿಯನ್ನು ತಿದ್ದಬಹುದು. ಆದರೆ ಈ ಹಣೆಪಟ್ಟಿ ಬಿದ್ದೊಡನೆ ವಿಚಾರಣೆಯೇ ನಿಂತುಹೋಗುತ್ತದೆ. ಪಾತ್ರೆಯನ್ನು ಯಾರು, ಯಾವ ಕ್ರಮದಲ್ಲಿ ಮಾಡಿದರು, ಯಾರು ಯಾವುದಕ್ಕೆ ಬಳಸಿದರು ಎಂದು ಕೇಳುವವರು ಇಲ್ಲವಾಗುತ್ತಾರೆ.

ವಿದ್ವತ್ತಿನ ಕಡೆ ತಿರುಗಿದರೆ ಚಿತ್ರ ಬೇರೆಯೇ ಇದೆ, ಆದರೆ ಸಮಸ್ಯೆ ಪೂರ್ತಿ ನೀಗಿಲ್ಲ. ಮೋರೇಶ್ವರ ದೀಕ್ಷಿತರ ಭಾರತೀಯ ಗಾಜಿನ ಇತಿಹಾಸ 1969ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಹೊರಬಂತು. ಎಚ್. ಡಿ. ಸಾಂಕಳಿಯಾ ಅವರೊಡನೆ 1945–46ರಲ್ಲಿ ಕೊಲ್ಹಾಪುರದ ಬ್ರಹ್ಮಪುರಿಯನ್ನು ಅಗೆದ ದೀಕ್ಷಿತರದು ಉತ್ಖನನಕಾರನ ದೃಷ್ಟಿ. ಮಣಿ, ಬಳೆಯ ಚೂರುಗಳನ್ನು ಅವು ಸಿಕ್ಕ ಮಣ್ಣಿನ ಪದರದೊಂದಿಗೆ ಸೇರಿಸಿ ಓದಬಲ್ಲ ದೃಷ್ಟಿ. ಮಣ್ಣಿನಲ್ಲಿ ದೊರೆತದ್ದಕ್ಕೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಅರಮನೆಯಿಂದ ವ್ಯಾಪಾರಿಯ ಕೈಗೆ, ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಸಾಗಿಬಂದ ಪಾತ್ರೆಗೆ ಮಣ್ಣಿನ ಪದರವೆಂಬುದೇ ಇಲ್ಲ. ಇಂಥ ಪಾತ್ರೆಗಳನ್ನು ಒಟ್ಟುಗೂಡಿಸಿ 1973ರಲ್ಲಿ ಬರೆದ ಲೇಖನದ ತಲೆಬರಹದಲ್ಲಿ ಸೈಮನ್ ಡಿಗ್ಬಿ 'ಮುಘಲ್' ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರು. 1991ರಲ್ಲಿ ಸ್ಟೀಫನ್ ಮಾರ್ಕೆಲ್ ಲಾಸ್ ಏಂಜಲಿಸ್ ಸಂಗ್ರಹವನ್ನು ವಿವರಿಸುವಾಗ ಭಾರತೀಯ ಎಂಬುದರ ಜೊತೆಗೆ 'ಭಾರತೀಯವೆನಿಸುವ' ಎಂಬರ್ಥದ ಇನ್ನೊಂದು ಪದವನ್ನು, ಅದನ್ನೂ ಚಿಹ್ನೆಯೊಳಗೇ, ಬಳಸಿದರು. ಈ ಪುಟ್ಟ ಚಿಹ್ನೆಗಳು ನನಗೆ ಮುಖ್ಯವೆನಿಸುತ್ತವೆ. ತಿಳಿದವರು ಹೆಸರಿಡುವಾಗ ಅಳುಕಿದ್ದಾರೆ, ನಾವು ಅಳುಕುವುದಿಲ್ಲ.

ಅಳುಕಿಗೆ ಕಾರಣವಿದೆ. ಡಚ್ಚರು ಹಡಗಿನ ಪೆಟ್ಟಿಗೆಗಳಲ್ಲಿ ಜೋಡಿಸಿ ತರುತ್ತಿದ್ದ ಚೌಕಾಕಾರದ ಬಾಟಲಿಯನ್ನು ನೆನೆಯಿರಿ. ಅದೇ ಆಕಾರದ ಬಾಟಲಿಗಳ ಮೇಲೆ ಇಲ್ಲಿನ ಕುಂಚದ ಹೂಬಳ್ಳಿ, ಚಿನ್ನದ ರೇಖೆ, ನಿಂತ ಹೆಣ್ಣಿನ ಚಿತ್ರ ಇರುತ್ತವೆ. ಗಾಜು ಅಲ್ಲಿಯದೋ ಇಲ್ಲಿಯದೋ, ಆಕಾರ ಯಾರದು, ಬಣ್ಣ ಯಾರದು ಎಂಬ ಪ್ರಶ್ನೆಗಳಿಗೆ ಮೂರು ಬೇರೆ ಉತ್ತರಗಳಿರಬಹುದು. ಒಂದೇ ನಾಡಿನ ಹೆಸರನ್ನು ಅದಕ್ಕೆ ಅಂಟಿಸುವುದೆಂದರೆ ಎರಡು ಉತ್ತರಗಳನ್ನು ಅಳಿಸಿದಂತೆ. ಗಡಿಯ ಊರುಗಳಲ್ಲಿ ಬದುಕುವ ನಮಗೆ ಈ ಅಳಿಸುವಿಕೆಯ ಪರಿಚಯ ಸಾಕಷ್ಟಿದೆ.

ಹಾಗಾದರೆ ಪಾತ್ರೆಯನ್ನು ಯಾವುದರಿಂದ ಓದಬೇಕು? ಅದರ ಮೈಯಿಂದಲೇ. ಬಾಯಿಂದ ಊದಿ ಗಾಜನ್ನು ರೂಪಿಸುವ ಕಲೆ ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ತೀನ್ ಸೀಮೆಯಲ್ಲಿ ಕಾಣಿಸಿಕೊಂಡಿತು; ಅದರ ಮೂಲಕ್ರಿಯೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಕುಲುಮೆಯಲ್ಲಿ ಜೇನಿನ ಹದಕ್ಕೆ ಕರಗಿದ ಗಾಜನ್ನು ಉದ್ದನೆಯ ಕಬ್ಬಿಣದ ಗೊಳವೆಯ ತುದಿಗೆ ಸುತ್ತಿಕೊಂಡು, ನಯವಾದ ಹಲಗೆಯ ಮೇಲೆ ಹೊರಳಿಸಿ, ಊದುತ್ತ ತಿರುಗಿಸುತ್ತ ಹೊಟ್ಟೆ ಬರಿಸುತ್ತಾರೆ. ತಿರುಗಿಸುವುದು ನಿಂತರೆ ಗಾಜು ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಹೊಟ್ಟೆ ರೂಪುಗೊಂಡ ಮೇಲೆ ತಳಕ್ಕೆ ಇನ್ನೊಂದು ಗಟ್ಟಿ ಸರಳನ್ನು ಅಂಟಿಸಿ, ಊದುಗೊಳವೆಯನ್ನು ಬಿಡಿಸಿ, ಬಾಯಿಯ ಅಂಚನ್ನು ಮತ್ತೆ ಕಾಯಿಸಿ ತಿದ್ದುತ್ತಾರೆ. ಕೊನೆಗೆ ಸರಳನ್ನು ಮುರಿದು ತೆಗೆದಾಗ ತಳದ ನಡುವೆ ಒಂದು ಗಾಯ ಉಳಿಯುತ್ತದೆ. ಸಂಗ್ರಾಹಕರು ಪಾಂಟಿಲ್ ಗುರುತು ಎಂದು ಕರೆಯುವುದು ಇದನ್ನೇ. ಬೆರಳಿಗೆ ಚುಚ್ಚುವಷ್ಟು ಒರಟಾಗಿರಬಹುದು, ಅಥವಾ ಉಜ್ಜಿ ನಯಗೊಳಿಸಿ ಸಣ್ಣ ಬಟ್ಟಲಿನಂಥ ತಗ್ಗಾಗಿರಬಹುದು.

ಈ ಗಾಯವನ್ನು ಕಂಡೊಡನೆ 'ಪುರಾತನ' ಎಂದು ಕುಣಿಯುವವರಿದ್ದಾರೆ. ಅದು ಸಾಬೀತುಪಡಿಸುವುದು ಕೈಕೆಲಸವನ್ನು ಮಾತ್ರ, ವಯಸ್ಸನ್ನಲ್ಲ. ನಿನ್ನೆ ಊದಿದ ಹೂದಾನಿಗೂ ಅದೇ ಗಾಯ ಇರುತ್ತದೆ. ಗಾಜಿನೊಳಗಿನ ಗುಳ್ಳೆಗಳ ಮಾತೂ ಅಷ್ಟೇ. ಗುಳ್ಳೆ ಬರಿಸುವುದು ಇಂದು ಕಷ್ಟವಲ್ಲ. ಅಚ್ಚಿನ ಗೆರೆ ಕಂಡೊಡನೆ 'ಯಂತ್ರದ್ದು' ಎಂದು ತಳ್ಳುವುದೂ ಸರಿಯಲ್ಲ, ಏಕೆಂದರೆ ಅಚ್ಚಿನೊಳಗೂ ಬಾಯಿಂದ ಊದುತ್ತಾರೆ. ಆಗ ಪಾತ್ರೆಯ ಒಳಮೈ ಹೊರಮೈಯ ಉಬ್ಬುತಗ್ಗುಗಳನ್ನೇ ಅನುಸರಿಸುತ್ತದೆ. 1820ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಒತ್ತುಯಂತ್ರದ ಗಾಜಿನಲ್ಲಿ ಹೊರಗೆ ಎಷ್ಟೇ ವಿನ್ಯಾಸವಿದ್ದರೂ ಒಳಮೈ ನುಣುಪು. ಕಣ್ಣಿಗಿಂತ ಮೊದಲು ಬೆರಳನ್ನು ಒಳಗೆ ಇಳಿಸಿ ನೋಡಬೇಕಾದ ವಿದ್ಯೆ ಇದು.

ವಯಸ್ಸನ್ನು ಹೇಳುವುದು ಬಳಕೆಯ ಸವೆತ. ಪಾತ್ರೆ ನೆಲಕ್ಕೆ ತಾಗುವ ಅಂಚಿನಲ್ಲಿ ಎಲ್ಲ ದಿಕ್ಕಿಗೂ ಹರಿದ ಸಣ್ಣ ಗೀರುಗಳಿರಬೇಕು. ಒಂದೇ ದಿಕ್ಕಿನ ಗೀರುಗಳಾದರೆ ಮರಳುಕಾಗದದ ಕೈವಾಡವೆಂದು ಶಂಕಿಸಬಹುದು. ಚಿನ್ನದ ಬಣ್ಣ ಕೈ ಹಿಡಿಯುವ ಕಂಠದಲ್ಲಿ ಅಳಿಸಿ, ಕೈ ತಲುಪದ ಮಡಿಕೆಯಲ್ಲಿ ಉಳಿದಿರಬೇಕು. ಒಳಗೆ ನೀರು ನಿಂತ ಮಟ್ಟದ ಬಿಳಿ ಉಂಗುರ, ಹೊಗೆಯ ಕಂದು ಲೇಪ ಇದ್ದರೆ ಅದು ಆ ಪಾತ್ರೆಯ ಆತ್ಮಕಥೆ. ದುರಂತವೆಂದರೆ ವ್ಯಾಪಾರಿಯ ಕೈಗೆ ಬಂದ ಪಾತ್ರೆಗೆ ಮೊದಲು ಆಗುವ ಸಂಸ್ಕಾರವೇ ಆಮ್ಲದ ಸ್ನಾನ. ಹೊಳಪು ಬರುತ್ತದೆ, ಕಥೆ ಚರಂಡಿ ಸೇರುತ್ತದೆ.

ಕಲೆ ಎಂಬುದು ಸಾಕ್ಷ್ಯವಾಗುವ ಬಗೆಯನ್ನು ಹುಕ್ಕಾದ ತಳಪಾತ್ರೆ ಚೆನ್ನಾಗಿ ತೋರಿಸುತ್ತದೆ. ಭಾರತದ ಊದಿದ ಗಾಜಿನಲ್ಲಿ ಸಂಗ್ರಾಹಕರು ಅತಿ ಹೆಚ್ಚು ಬೆನ್ನುಹತ್ತಿದ ವಸ್ತು ಅದು. ಅದರ ಕಥೆ ಕನ್ನಡ ನೆಲವನ್ನು ಹಾದುಹೋಗುತ್ತದೆ. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು, ಸುಮಾರು 1604ರಲ್ಲಿ, ರತ್ನಖಚಿತ ನಳಿಗೆಯ ಸಮೇತ ಅದನ್ನು ಬಾದಶಹನ ಮುಂದಿಟ್ಟ ಪ್ರಸಂಗ ಅವನದೇ ಬರಹದಲ್ಲಿದೆ. ಹೊಗೆಯನ್ನು ನೀರಿನ ಮೂಲಕ ಹಾಯಿಸುವ ರೂಢಿ ಹಬ್ಬಿದ ಮೇಲೆ ನೀರು ಹಿಡಿಯುವ ಪಾತ್ರೆ ಲೋಹದಲ್ಲೂ ಗಾಜಿನಲ್ಲೂ ಬಂತು. ಹದಿನೇಳನೆಯ ಶತಮಾನದ ಕೊನೆಯ ಭಾಗ ಹಾಗೂ ಹದಿನೆಂಟರ ಆರಂಭದವು ದುಂಡು, ಚೆಂಡಿನಂತೆ. ಅವಕ್ಕೆ ಕೂರಲು ಸಿಂಬಿಯಂಥ ಬಳೆ ಬೇಕು. ಆಮೇಲಿನವು ಗಂಟೆಯ ಆಕಾರ. ಅಗಲ ತಳದ ಮೇಲೆ ತಾವೇ ನಿಲ್ಲುತ್ತವೆ. ಬೀದರಿನ ಬಿದ್ರಿ ಹುಕ್ಕಾಗಳೂ ಇದೇ ದಾರಿಯಲ್ಲಿ ದುಂಡಿನಿಂದ ಗಂಟೆಗೆ ಸಾಗಿವೆ. ಒಂದು ಕಪ್ಪು ಲೋಹದಲ್ಲಿ ಬೆಳ್ಳಿಯ ಹೂ, ಇನ್ನೊಂದು ಹಸಿರು ಇಲ್ಲವೇ ನೀಲಿ ಗಾಜಿನಲ್ಲಿ ಚಿನ್ನದ ಹೂ. ಆಕಾರ, ಹೂವಿನ ಸಾಲು, ಕಂಠದ ಉಂಗುರ ಒಂದಕ್ಕೊಂದು ಬಂಧುಗಳು. ಗಾಜಿನದಕ್ಕೆ ಒಂದು ಹೆಚ್ಚಿನ ಸುಖವಿತ್ತು: ಎಳೆದಾಗ ನೀರು ಗುಳುಗುಳಿಸುವುದು ಕಣ್ಣಿಗೂ ಕಾಣುತ್ತಿತ್ತು.

ಇಲ್ಲಿ ಹೆಸರಿಡುವ ಪದ್ಧತಿಯ ಇನ್ನೊಂದು ವೈಪರೀತ್ಯವನ್ನು ನೋಡಬೇಕು. ಬಿದ್ರಿ ಕೆಲಸ ಲಖನೌ, ಪೂರ್ಣಿಯಾ, ಮುರ್ಶಿದಾಬಾದುಗಳಲ್ಲೂ ನಡೆಯುತ್ತಿತ್ತು. ಆದರೂ ಎಲ್ಲಕ್ಕೂ ಬೀದರಿನ ಹೆಸರು. ಗಾಜಿನ ಹುಕ್ಕಾಕ್ಕೆ ಯಾವ ಊರೂ ಇಲ್ಲ. ಒಂದಕ್ಕೆ ಊರಿನ ಹೆಸರು ಅತಿಯಾಯಿತು, ಇನ್ನೊಂದಕ್ಕೆ ಊರೇ ಇಲ್ಲವಾಯಿತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಹೋಲಿಸುವ ಅಧ್ಯಯನ ಕನ್ನಡದಲ್ಲಿ ಆಗಬೇಕು. ಬಿದ್ರಿಯ ಬಗೆಗೆ ನಾವು ಬರೆಯುವ ಹೆಮ್ಮೆಯ ಲೇಖನಗಳಿಗಿಂತ ಅದು ಹೆಚ್ಚು ಉಪಯುಕ್ತ.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಇಂಥ ಹೋಲಿಕೆಗೆ ತಕ್ಕ ಜಾಗ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಕೂಡಿಸಿದ ಸಂಗ್ರಹ 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1961ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಅಲ್ಲಿ ಗಾಜಿನ ಹುಕ್ಕಾಗಳೂ ಇವೆ. ವೆನಿಸ್, ಬೊಹೇಮಿಯಾ, ಫ್ರಾನ್ಸ್, ಇಂಗ್ಲೆಂಡಿನ ಗಾಜೂ ಇದೆ. ಆದರೆ ಸಂಗ್ರಹವನ್ನು ಭಾರತೀಯ, ಪಾಶ್ಚಾತ್ಯ, ಪೌರ್ವಾತ್ಯ ಎಂದು ಮೂರು ಕಟ್ಟಡಗಳಿಗೆ ಹಂಚಲಾಗಿದೆ. ನೋಡುಗರ ಅನುಕೂಲಕ್ಕೆ ಈ ಹಂಚಿಕೆ ಸರಿಯಿರಬಹುದು. ಪಶ್ಚಿಮದಲ್ಲಿ ಊದಿ ಪೂರ್ವದಲ್ಲಿ ಬಣ್ಣ ಕಂಡ, ಅಥವಾ ಪೂರ್ವದ ಕೋರಿಕೆಗೆ ಪಶ್ಚಿಮದಲ್ಲಿ ರೂಪುಗೊಂಡ ಪಾತ್ರೆಗೆ ಮಾತ್ರ ಇದರಲ್ಲಿ ಸಹಜವಾದ ಜಾಗವಿಲ್ಲ. ಇನ್ನೊಂದು ಸಂಗತಿ: ಈ ಮನೆತನದ ಜಹಗೀರುಗಳಲ್ಲಿ ಕೊಪ್ಪಳವೂ ಒಂದು. ಕನ್ನಡದ ರೈತ ಕಟ್ಟಿದ ಕಂದಾಯದ ಪಾಲೂ ಆ ಕಪಾಟುಗಳಲ್ಲಿ ಹೊಳೆಯುತ್ತಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಸಂಗ್ರಹದ ಚರಿತ್ರೆಯೆಂದರೆ ಸಂಗ್ರಾಹಕನ ರುಚಿಯ ಚರಿತ್ರೆ ಎಂದು ಬರೆಯುವವರು ಕಂದಾಯದ ಲೆಕ್ಕದ ಪುಸ್ತಕವನ್ನೂ ತೆರೆಯಬೇಕೆಂಬುದಷ್ಟೇ ನನ್ನ ಮಾತು.

ಕನ್ನಡ ನಾಡಿನಲ್ಲಿ ಗಾಜಿನ ಕೆಲಸ ಇರಲಿಲ್ಲವೇ? ಇತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಚಿತ್ರದುರ್ಗದ ಕಡೆಯ ಮತ್ತೋಡಿನಲ್ಲಿ ಗಾಜು ಮಾಡುವುದನ್ನು ವಿವರಿಸಿದ್ದಾನೆ: ಸೌಳು ಮಣ್ಣಿನ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ, ಕುಲುಮೆ. ಆದರೆ ಅಲ್ಲಿ ಹುಟ್ಟುತ್ತಿದ್ದದ್ದು ಬಳೆ. ಬಳೆಗೆ ಬೆಂಕಿ ಬೇಕು, ಸರಳು ಬೇಕು, ಉಸಿರು ಬೇಡ. ಭಾರತದಲ್ಲಿ ಮಣಿ ಮತ್ತು ಬಳೆಯ ಪರಂಪರೆ ಬಹು ಪ್ರಾಚೀನವಾದರೂ ಊದಿದ ಪಾತ್ರೆ ಮುಘಲರ ಕಾಲದವರೆಗೆ ವಿರಳವಾಗಿಯೇ ಇತ್ತು. ಲೋಹದ ಚೊಂಬು, ಮಣ್ಣಿನ ಮಡಕೆ ಎರಡೂ ಕೈಗೆಟಕುವ ಕಡೆ ಒಡೆಯುವ ಗಾಜಿನ ತಂಬಿಗೆ ಯಾರಿಗೆ ಬೇಕಿತ್ತು? ಕಡೆಗೆ ಬಳೆಯೂ ನಮ್ಮ ಕೈ ತಪ್ಪಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೊಹೇಮಿಯಾದ ಗಾಬ್ಲೋನ್ಜ್ ಪಟ್ಟಣ ಭಾರತದ ಪೇಟೆಗಾಗಿಯೇ ಬಳೆ ಮಾಡಿ ಕಳಿಸುತ್ತಿತ್ತು. ಹೊರಗಿನದೆಂದು ಬೀಗುವ ಹುಕ್ಕಾ ಇಲ್ಲಿಯೇ ಊದಿದ್ದಿರಬಹುದು. ಅಪ್ಪಟ ನಮ್ಮದೆಂದು ಅಜ್ಜಿ ತೊಟ್ಟ ಬಳೆ ಬೊಹೇಮಿಯಾದ್ದಿರಬಹುದು.

ಇನ್ನು ನಮ್ಮ ಸೀಮೆಗಳಲ್ಲಿ ಸಂಗ್ರಹಕ್ಕೆ ಹೊರಟವರು ಮಾಡಬೇಕಾದ ಕೆಲಸ. ಪಾತ್ರೆಯ ಜೊತೆ ಅದರ ಹೆಸರನ್ನೂ ಪಡೆಯಬೇಕು. ಕಾಸರಗೋಡಿನಲ್ಲಿ ಕುಪ್ಪಿ ಎನ್ನುವುದನ್ನು ಸೊಲ್ಲಾಪುರದ ಕಡೆ ಶೀಶೆ ಎನ್ನುತ್ತಾರೆ. ಒಂದು ಮಲಯಾಳ ತುಳುಗಳ ನೆರೆಯದು, ಇನ್ನೊಂದು ಫಾರಸಿ ದಖನಿಗಳ ದಾರಿಯದು. ಆ ಪದ ಮನೆಯ ಹಿರಿಯರ ಬಾಯಲ್ಲಿರುವಾಗಲೇ ಬರೆದುಕೊಳ್ಳದಿದ್ದರೆ ಸಂಗ್ರಹದಲ್ಲಿ 'ಗಾಜಿನ ಬಾಟಲಿ, ಹಳೆಯದು' ಎಂಬ ಸಾಲು ಮಾತ್ರ ಉಳಿಯುತ್ತದೆ. ಪನ್ನೀರುದಾನಿ ಮದುವೆಗೆ ಬಳಕೆಯಾಗುತ್ತಿತ್ತೋ ಉರುಸಿಗೋ, ಹಂಡಿ ದೀಪದಲ್ಲಿ ಉರಿಯುತ್ತಿದ್ದದ್ದು ಕೊಬ್ಬರಿ ಎಣ್ಣೆಯೋ ಮೇಣದ ಬತ್ತಿಯೋ ಎಂದು ಕೇಳಬೇಕು. ತೊಳೆಯುವ ಮೊದಲು ಒಳಗಿನ ಕಲೆಯ ಚಿತ್ರ ತೆಗೆದಿಡಬೇಕು. ಕ್ಷಾರದ ಹದ ತಪ್ಪಿದ ಹಳೆಯ ಗಾಜು ತೇವದಲ್ಲಿ ಬೆವರುತ್ತದೆ, ಮೈಯೆಲ್ಲ ಸೂಕ್ಷ್ಮವಾಗಿ ಬಿರಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಿದ ಕಪಾಟು ಅದಕ್ಕೆ ಒಳ್ಳೆಯದಲ್ಲ.

ಅರಮನೆಯ ಪಾತ್ರೆ ಸಿಗದವರು ಲಂಬಾಣಿ ತಾಂಡಾಗಳ ಹಳೆಯ ಕಾಂಚಳಿಯನ್ನು ನೋಡಬಹುದು. ಗುಜರಾತಿನ ಕಪಡ್‌ವಂಜಿನಲ್ಲಿ ಕನ್ನಡಿಚೂರು ಮಾಡುತ್ತಿದ್ದ ಕ್ರಮ ಹೀಗಿತ್ತು: ದೊಡ್ಡ ಗಾಜಿನ ಗೋಳವನ್ನು ಬಾಯಿಂದ ಊದಿ, ಒಳಗೆ ಲೋಹದ ಲೇಪ ಕೊಟ್ಟು, ಒಡೆದು, ಚೂರುಗಳನ್ನು ಕತ್ತರಿಸಿ ಬಟ್ಟೆಗೆ ಹೊಲಿಯಲು ಮಾರುವುದು. ಸಾಲಾರ್ ಜಂಗರ ಕಪಾಟಿನ ಗೋಳಕ್ಕೂ ಇದಕ್ಕೂ ಕಸುಬು ಒಂದೇ. ಅದು ಒಡೆಯದೆ ಉಳಿದು ಬೆಲೆ ಪಡೆಯಿತು, ಇದು ಒಡೆದೇ ಬಳಕೆಗೆ ಬಂತು. ಈಚಿನ ಕನ್ನಡಿಚೂರು ಚಪ್ಪಟೆ ಹಾಳೆಯಿಂದ ಕತ್ತರಿಸಿದ್ದು. ಗುರುತಿಸುವುದು ಸುಲಭ: ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿದರೆ ಚಪ್ಪಟೆ ಚೂರು ಒಮ್ಮೆಲೇ ಮಿಂಚಿ ಆರುತ್ತದೆ, ಊದಿದ ಗೋಳದ ಚೂರಿನಲ್ಲಿ ಬೆಳಕು ಒಂದು ಅಂಚಿನಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುತ್ತದೆ.