ಗಣಿಸಂಪತ್ತೂ ಮನೆಯ ಬೆಲೆಯೂ: ಒಂದು ಸಿದ್ಧಾಂತದ ವಿಮರ್ಶೆ

ನಿಸರ್ಗಸಂಪತ್ತು ದೊರೆತ ನಾಡಿನಲ್ಲಿ ಮನೆಗಳ ಬೆಲೆ ಏರುವುದೆಂದೂ ಪಟ್ಟಣಗಳು ಅಂಕೆಯಿಲ್ಲದೆ ಹಬ್ಬುವುವೆಂದೂ ಹೇಳುವ ವಾದವೊಂದುಂಟು. ಇದಕ್ಕೆ ತಾತ್ತ್ವಿಕ ಆಧಾರವನ್ನು ಒದಗಿಸಿದುದು ಕಾರ್ಡನ್ ಮತ್ತು ನಿಯರಿ ಎಂಬ ಅರ್ಥಶಾಸ್ತ್ರಜ್ಞರು 1982ರಲ್ಲಿ ಪ್ರಕಟಿಸಿದ ಲೇಖನ. ಗಣಿಯ ಹಣವು ನಾಡಿನಲ್ಲಿಯೇ ವೆಚ್ಚವಾದಾಗ, ಹೊರಗಿನಿಂದ ತರಿಸಲು ಬಾರದ ವಸ್ತುಗಳ ಬೆಲೆ ಏರುತ್ತದೆಂಬುದು ಅದರ ಒಂದು ಮುಖ್ಯ ತೀರ್ಮಾನ. ಬಟ್ಟೆಯನ್ನು ಹಡಗಿನಲ್ಲಿ ತರಿಸಬಹುದು, ಮನೆಯನ್ನು ತರಿಸಲಾಗದು. ತರ್ಕದಲ್ಲಿ ನಾವು ದೋಷವನ್ನು ಕಾಣೆವು. ಆದರೆ ಇದನ್ನು ಗಣಿಯೂರಿಗೆ ಅನ್ವಯಿಸುವವರು ಅಲ್ಲಿಯ ನೆಲವು ಕೊಳ್ಳುವವರಿಗೂ ಮಾರುವವರಿಗೂ ತೆರೆದಿದೆಯೆಂದು ಹೇಳದೆಯೇ ಒಪ್ಪಿಕೊಂಡಿರುತ್ತಾರೆ. ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ ಹಾಗಿರಲಿಲ್ಲ.

1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ನೆಲವು ಮೈಸೂರು ಸರ್ಕಾರದಿಂದ ಗುತ್ತಿಗೆಯಾಗಿ ಕಂಪನಿಗಳ ಕೈ ಸೇರಿತು. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ಕೂಲಿಕಾರರು 'ಲೈನು'ಗಳೆಂಬ ಸಾಲುಗುಡಿಸಲುಗಳಲ್ಲಿ ನೆಲಸಿದರು. ಗೋಡೆಯೆಂದರೆ ಬಿದಿರಿನ ತಟ್ಟಿ. ಮೇಲಧಿಕಾರಿಗಳಿಗೆ ತೋಟ ಸಹಿತವಾದ ಬಂಗಲೆಗಳೂ ಕ್ಲಬ್ಬೂ ಇದ್ದವು. ಲೈನಿನ ಮನೆ ಕೆಲಸದೊಡನೆ ಬರುತ್ತಿತ್ತು, ಕೆಲಸದೊಡನೆಯೇ ಹೋಗುತ್ತಿತ್ತು. ಇಂಥಲ್ಲಿ ಬಾಡಿಗೆಯ ಅಂಕಿಗಳನ್ನು ಮಾತ್ರ ಅರಸುವವರಿಗೆ ಏರಿಕೆ ಕಾಣದಿದ್ದರೆ ಆಶ್ಚರ್ಯವಿಲ್ಲ. ಮನೆಯ ಅಭಾವವು ರೂಪಾಯಿಯಲ್ಲಿ ತೋರಲಿಲ್ಲ. ಒಂದೇ ಕೋಣೆಯೊಳಗೆ ಇಕ್ಕಟ್ಟಾಗಿ ಮಲಗಿದವರಲ್ಲಿ ತೋರಿತು. ಅದನ್ನೂ ಬೆಲೆಯೆಂದೇ ಎಣಿಸಬೇಕೆಂಬುದು ನಮ್ಮ ವಾದ. ಕೂಲಿಕಾರರ ಬಾಳನ್ನು ಕುರಿತು ಜಾನಕಿ ನಾಯರ್ ಅವರ ಗ್ರಂಥ 1998ರಷ್ಟು ಹಿಂದೆಯೇ ಹೊರಬಂದಿದೆ. ಬೆಲೆಗಳನ್ನು ಅಳೆಯುವವರು ಇಂಥ ಗ್ರಂಥಗಳನ್ನೂ ತೆರೆದು ನೋಡುವುದು ಒಳ್ಳೆಯದು.

ಇನ್ನು ಹಣ ಎಲ್ಲಿ ವೆಚ್ಚವಾಯಿತು? ಲಾಭಾಂಶ ಲಂಡನ್ನಿನ ಪಾಲುದಾರರಿಗೆ ಹೋಯಿತು; ರಾಜಧನ ಮೈಸೂರಿನ ಬೊಕ್ಕಸಕ್ಕೆ ಸಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ವೆಚ್ಚವು ಬೇರೆಡೆಯಾದರೆ ಅದರ ಪರಿಣಾಮವನ್ನೂ ಬೇರೆಡೆಯೇ ಹುಡುಕಬೇಕಾಗುತ್ತದೆ.

ಪಟ್ಟಣದ ಹಬ್ಬುಗೆಯ ವಿಷಯದಲ್ಲಂತೂ ಸಿದ್ಧಾಂತದ ಕಾಲಕ್ರಮವೇ ತಲೆಕೆಳಗಾಗಿದೆ. ಗಣಿ ನಡೆಯುತ್ತಿದ್ದಾಗ ಬೆಳೆದ ರಾಬರ್ಟ್‌ಸನ್‌ಪೇಟೆಯನ್ನು ಅಂಕೆಯಿಲ್ಲದ ಬೆಳವಣಿಗೆ ಎನ್ನಲಾಗದು. ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರು ಹೊತ್ತ ಆ ಊರು ನೇರ ಬೀದಿಗಳನ್ನು ಗುರುತಿಸಿ ಕಟ್ಟಿದುದು. 1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪಿತವಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಊರು ಬರಿದಾಗಬೇಕಾಗಿತ್ತು. ಆದರೆ ಮಾರಿಕುಪ್ಪಂ, ಚಾಂಪಿಯನ್, ಊರುಗಾಂ ನಿಲ್ದಾಣಗಳಿಂದ ಬೆಳಗಿನ ರೈಲು ಹಿಡಿದು ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗಿಬರುವವರ ಊರಾಗಿ ಅದು ಉಳಿದುಕೊಂಡಿತು. ಬೆಂಗಳೂರಿನ ಬಾಡಿಗೆಯನ್ನು ತೆರಲಾರದವರಿಗೆ ಹಳೆಯ ಲೈನು ಆಸರೆಯಾಯಿತು. ಮಹಾನಗರದ ಚಾಚು ಇಲ್ಲಿಗೆ ಮುಟ್ಟಿದುದು ಚಿನ್ನದ ಕೆಲಸ ನಿಂತ ಮೇಲೆ; ಅದಕ್ಕೆ ಕಾರಣವಾದ ಸಂಪತ್ತೂ ನೆಲದೊಳಗಿನದಲ್ಲ.

ಆದುದರಿಂದ ಯಾವುದೇ ಗಣಿಯೂರಿನ ಬೆಲೆಗಳನ್ನು ಅಳೆಯುವ ಮೊದಲು ನೆಲದ ಒಡೆತನದ ಇತಿಹಾಸವನ್ನು ಬರೆಯಬೇಕೆಂದು ನಾವು ಭಾವಿಸುತ್ತೇವೆ. ಕೋಲಾರದಲ್ಲಿ ಇದು ಬರಿಯ ವಿದ್ವತ್ತಿನ ಪ್ರಶ್ನೆಯಲ್ಲ. ಗಣಿ ಮುಚ್ಚಿದ ಬಳಿಕ, ತಲೆಮಾರುಗಳಿಂದ ಲೈನುಗಳಲ್ಲಿ ಬಾಳಿದ ಕುಟುಂಬಗಳು ಮೊದಲು ಕೇಳಿದುದರಲ್ಲಿ ಆ ಮನೆಗಳ ಹಕ್ಕುಪತ್ರವೂ ಒಂದು.