ಪ್ರತಿಯಿಲ್ಲದ ಮಾತು: ಸೆನ್ಸಾರ್ ವ್ಯವಸ್ಥೆ ಮತ್ತು ಮೌಖಿಕ ಪ್ರದರ್ಶನ ಪರಂಪರೆ

ಕಲಾಭಿವ್ಯಕ್ತಿಯ ಮೇಲಿನ ನಿರ್ಬಂಧಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಮುದ್ರಿತ ಕೃತಿ, ಆಧುನಿಕ ರಂಗಭೂಮಿ ಹಾಗೂ ಚಲನಚಿತ್ರಗಳಿಗೆ ಸೀಮಿತವಾಗಿವೆ. ಕಾದಂಬರಿಯೊಂದು ಮುಟ್ಟುಗೋಲಾದಾಗ, ನಾಟಕವೊಂದು ವಿವಾದಕ್ಕೆ ಸಿಲುಕಿದಾಗ ವಾಗ್ವಾದಗಳು ಹುಟ್ಟುತ್ತವೆ; ಬರೆಹಗಾರರು ಪರ ವಿರೋಧಗಳಲ್ಲಿ ನಿಲ್ಲುತ್ತಾರೆ. ಜನಪದ ಕಲೆಗಳ ವಿಷಯ ಬಂದಾಗ ಮಾತ್ರ ಇಂಥದೊಂದು ಸಮಸ್ಯೆಯೇ ಅವುಗಳಿಗಿಲ್ಲವೆಂಬ ಭಾವನೆ ಬಲವಾಗಿದೆ. ಈ ಭಾವನೆಯ ಹಿಂದೆ ಎರಡು ಗ್ರಹಿಕೆಗಳಿವೆ. ಜನಪದವು ಸ್ವಭಾವತಃ ಸ್ವಚ್ಛಂದವಾದುದು, ಅದನ್ನು ಯಾರೂ ಕಟ್ಟಿಹಾಕಲಾರರು ಎಂಬುದು ಒಂದು. ಜನಪದವು ಭಕ್ತಿ ಆಚರಣೆಗಳ ಲೋಕ, ಅದು ಯಾರನ್ನೂ ಕೆಣಕುವುದಿಲ್ಲ ಎಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾಗಿದ್ದರೂ ಒಂದೇ ಪರಿಣಾಮವನ್ನು ಉಂಟುಮಾಡುತ್ತವೆ: ಮೌಖಿಕ ಕಲಾವಿದನನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಚರ್ಚೆಯಿಂದ ಹೊರಗಿಡುತ್ತವೆ. ಪ್ರಸ್ತುತ ಲೇಖನವು ಈ ಹೊರಗಿಡುವಿಕೆಯ ಸ್ವರೂಪವನ್ನು ಪರಿಶೀಲಿಸುವ ಪ್ರಯತ್ನವಾಗಿದೆ.

1

ವಸಾಹತು ಆಡಳಿತವು ರೂಪಿಸಿದ 1876ರ ನಾಟಕ ಪ್ರದರ್ಶನಗಳ ಕಾಯ್ದೆ ಈ ಚರ್ಚೆಗೆ ಸೂಕ್ತವಾದ ಆರಂಭ ಬಿಂದು. ನೀಲಿ ಬೆಳೆಗಾರರ ದೌರ್ಜನ್ಯವನ್ನು ಚಿತ್ರಿಸಿದ ದೀನಬಂಧು ಮಿತ್ರರ 'ನೀಲ್ ದರ್ಪಣ್' (1860) ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದಕ್ಕಾಗಿ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಸೆರೆವಾಸ ಮತ್ತು ದಂಡ ಎರಡನ್ನೂ ಅನುಭವಿಸಿದ್ದರು. ಮುಂದೆ 1876ರಲ್ಲಿ ಕಲ್ಕತ್ತೆಯ ರಂಗಭೂಮಿಯಲ್ಲಿ ವೇಲ್ಸ್ ರಾಜಕುಮಾರನ ಭೇಟಿಯನ್ನು ಕುರಿತ ಪ್ರಹಸನವೊಂದು ಪ್ರಯೋಗಗೊಂಡಾಗ ಸರ್ಕಾರವು ಮೊದಲು ಸುಗ್ರೀವಾಜ್ಞೆಯನ್ನೂ ಅದೇ ವರ್ಷ ಕಾಯ್ದೆಯನ್ನೂ ಜಾರಿಗೆ ತಂದಿತು. ಮಾನಹಾನಿಕರವಾದ, ಸರ್ಕಾರದ ಬಗ್ಗೆ ಅತೃಪ್ತಿ ಕೆರಳಿಸುವ ಅಥವಾ ಪ್ರೇಕ್ಷಕರ ನಡತೆ ಕೆಡಿಸುವ ಪ್ರದರ್ಶನಗಳನ್ನು ನಿಷೇಧಿಸುವ ಅಧಿಕಾರ ಇದರಿಂದ ಸರ್ಕಾರಕ್ಕೆ ದೊರೆಯಿತು. ನಾಟಕದ ಸ್ವರೂಪವೇನೆಂದು ತಿಳಿಯಲು ಕರ್ತೃ, ಮಾಲೀಕ ಅಥವಾ ಮುದ್ರಕನಿಂದ ಮಾಹಿತಿ ಕೇಳುವ ಅವಕಾಶವೂ, ಅಧಿಸೂಚಿತ ಪ್ರದೇಶಗಳಲ್ಲಿ ಪರವಾನಗಿ ಇಲ್ಲದೆ ಆಡದಂತೆ ತಡೆಯುವ ಅವಕಾಶವೂ ಅದರಲ್ಲಿದ್ದವು.

ಈ ಕಾಯ್ದೆಯ ಕೊನೆಯ ಕಲಮನ್ನು ಜಾನಪದ ವಿದ್ವಾಂಸರು ಅಷ್ಟಾಗಿ ಗಮನಿಸಿದಂತಿಲ್ಲ. ಹನ್ನೆರಡನೆಯ ಈ ಕಲಮಿನ ಪ್ರಕಾರ 'ಜಾತ್ರಾ'ಗಳಿಗೂ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಅಂಥದೇ ಪ್ರದರ್ಶನಗಳಿಗೂ ಕಾಯ್ದೆ ಅನ್ವಯಿಸುವುದಿಲ್ಲ. ಇಲ್ಲಿ 'ಜಾತ್ರಾ' ಎಂದರೆ ಬಂಗಾಳದ ಜನಪ್ರಿಯ ರಂಗಪ್ರಕಾರ. ಆದರೆ ವಿನಾಯಿತಿಯ ವ್ಯಾಪ್ತಿ ಅದಕ್ಕಿಂತ ಹಿರಿದು. ಬ್ರಿಟಿಷ್ ಆಡಳಿತಕ್ಕೆ ನೇರವಾಗಿ ಒಳಪಟ್ಟಿದ್ದ ಮುಂಬಯಿ ಕರ್ನಾಟಕ, ದಕ್ಷಿಣ ಕನ್ನಡ, ಬಳ್ಳಾರಿ, ಕೊಡಗುಗಳ ಜಾತ್ರೆ ಉತ್ಸವಗಳಲ್ಲಿ ನಡೆಯುತ್ತಿದ್ದ ಬಯಲಾಟ, ಯಕ್ಷಗಾನ, ಕೋಲಗಳು ಇದರ ನೆರಳಿನಲ್ಲಿ ಬರಬಹುದಾಗಿತ್ತು.

ಮೇಲುನೋಟಕ್ಕೆ ಇದು ಔದಾರ್ಯದಂತೆ ಕಾಣುತ್ತದೆ. 1857ರ ಅನುಭವದ ನಂತರ ಪ್ರಜೆಗಳ ಧರ್ಮದಲ್ಲಿ ಕೈಹಾಕಬಾರದೆಂಬ ಎಚ್ಚರವೂ ಇದರ ಹಿಂದಿದ್ದಿರಬೇಕು. ಆದರೆ ಈ ವಿನಾಯಿತಿಯ ಆಳದಲ್ಲಿ ಒಂದು ತೀರ್ಮಾನ ಅಡಗಿದೆ. ಕರ್ತೃ ಇರುವ, ಮುದ್ರಕ ಇರುವ, ಪ್ರತಿ ಇರುವ ನಾಟಕವನ್ನು ಕಾನೂನು 'ಅಭಿಪ್ರಾಯ'ವೆಂದು ಪರಿಗಣಿಸಿತು. ಆದ್ದರಿಂದ ಅದಕ್ಕೆ ಹೆದರಿತು. ಕರ್ತೃವಿಲ್ಲದ, ಪ್ರತಿಯಿಲ್ಲದ ಆಟವನ್ನು 'ಆಚರಣೆ'ಯೆಂದು ಪರಿಗಣಿಸಿತು, ಆದ್ದರಿಂದ ಬಿಟ್ಟುಕೊಟ್ಟಿತು. ಜನಪದ ಕಲಾವಿದನಿಗೆ ದೊರೆತದ್ದು ಮಾತಿನ ಹಕ್ಕಲ್ಲ. ಅವನು ಆಡುವುದು ಲೆಕ್ಕಕ್ಕೆ ಹಿಡಿಯಬೇಕಾದ ಮಾತೇ ಅಲ್ಲವೆಂಬ ರಿಯಾಯಿತಿ.

ಇದೇ ಕಾಲದ ಇನ್ನೊಂದು ವಿದ್ಯಮಾನ ಈ ಮಾತನ್ನು ಸಮರ್ಥಿಸುತ್ತದೆ. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ಅವುಗಳಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಕುರಿತದ್ದಿದೆ. ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ 1857ರಲ್ಲಿ ದಂಗೆಯೆದ್ದ ಹಲಗಲಿಯ ಬೇಡರನ್ನು ಕುರಿತದ್ದಿದೆ. ನಾಟಕದ ಪ್ರಹಸನವೊಂದನ್ನು ಸಹಿಸಲಾರದ ಆಡಳಿತದ ಅಧಿಕಾರಿಯೇ ಆ ಆಡಳಿತದ ವಿರುದ್ಧದ ಬಂಡಾಯದ ಹಾಡುಗಳನ್ನು ಅಚ್ಚು ಹಾಕಿಸಿದ್ದು ವಿರೋಧಾಭಾಸವಲ್ಲ. ವಿದ್ವತ್ ಪತ್ರಿಕೆಯ ಪುಟದಲ್ಲಿ ಲಾವಣಿಯು ಭಾಷೆಯ, ಛಂದಸ್ಸಿನ, ಜನಜೀವನದ ಮಾದರಿಯಾಗಿತ್ತು. ಅದನ್ನು ಕಟ್ಟಿದವರ ರಾಜಕೀಯ ಮಾತಾಗಿ ಅದು ಅಲ್ಲಿ ಉಳಿದಿರಲಿಲ್ಲ. ಫ್ಲೀಟನ ಸಂಗ್ರಹಕ್ಕೆ ನಾವು ಋಣಿಗಳಾಗಿದ್ದೇವೆ ಎಂಬುದು ನಿಜ. ಆದರೆ ಮಾತನ್ನು ಮಾದರಿಯಾಗಿಸಿ ನಿರಪಾಯಗೊಳಿಸುವ ಕ್ರಮವೂ ನಮ್ಮ ಶಿಸ್ತಿಗೆ ಅದೇ ಕಾಲದಿಂದ ಬಂದಿದೆ ಎಂಬುದನ್ನು ಮರೆಯುವಂತಿಲ್ಲ.

2

ಹಾಗಾದರೆ ಜನಪದ ಸಮುದಾಯಗಳ ಒಳಗೆ ಮಾತಿನ ಸ್ವಾತಂತ್ರ್ಯದ ಸ್ಥಿತಿ ಹೇಗಿತ್ತು? ಕೊಡಗಿನ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬ, ಯರವ ಮೊದಲಾದ ಸಮುದಾಯಗಳವರು ವೇಷ ತೊಟ್ಟು ದೇವರನ್ನೂ ದಾರಿಹೋಕರನ್ನೂ ತೋಟದ ಮಾಲೀಕರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಉತ್ತರ ಕರ್ನಾಟಕದ ಹೋಳಿ ಹಾಡುಗಳಲ್ಲಿ, ಮದುವೆಯ ಬೀಗರ ಹಾಡುಗಳಲ್ಲಿ ಬೈಗುಳಕ್ಕೂ ಲೈಂಗಿಕ ಹಾಸ್ಯಕ್ಕೂ ಮಾನ್ಯತೆಯಿದೆ. ತುಳುನಾಡಿನ ಕಲ್ಕುಡ ಕಲ್ಲುರ್ಟಿ ಪಾಡ್ದನವು ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲು ಕತ್ತರಿಸಿದ ಅರಸನ ಕ್ರೌರ್ಯವನ್ನೂ ಅದಕ್ಕೆ ತಂಗಿ ತೀರಿಸಿಕೊಂಡ ಸೇಡನ್ನೂ ಹೇಳುತ್ತದೆ. ನಲಿಕೆ, ಪಂಬದ, ಪರವ ಸಮುದಾಯಗಳ ಕಲಾವಿದರು ಕೋಲದಲ್ಲಿ ದೈವವಾಗಿ ನಿಂತಾಗ ಗುತ್ತಿನ ಯಜಮಾನನನ್ನೂ ಪ್ರಶ್ನಿಸಬಲ್ಲರು.

ಇಂಥ ನಿದರ್ಶನಗಳನ್ನು ಮುಂದಿಟ್ಟು ಜನಪದವನ್ನು ಪ್ರತಿಭಟನೆಯ ಲೋಕವೆಂದು ಕೊಂಡಾಡುವುದು ರೂಢಿಯಾಗಿದೆ. ಆದರೆ ಈ ಎಲ್ಲ ಸಂದರ್ಭಗಳಲ್ಲೂ ಸ್ವಾತಂತ್ರ್ಯಕ್ಕೆ ಗೊತ್ತಾದ ಕಾಲ, ಸ್ಥಳ, ವೇಷಗಳಿವೆ ಎಂಬುದನ್ನು ಗಮನಿಸಬೇಕು. ಹಬ್ಬ ಮುಗಿದ ಮರುದಿನ ಬೈದವನು ಕೂಲಿಗೆ ಹೋಗುವುದು ಅದೇ ತೋಟಕ್ಕೆ. ದೈವದ ನುಡಿ ಪ್ರಶ್ನಾತೀತವಾಗುವುದು ಅದು ನಲಿಕೆಯವನ ನುಡಿಯಲ್ಲ ಎಂಬ ಒಪ್ಪಂದದಿಂದ. ಆಡಿದವನು ತನ್ನ ಹೆಸರನ್ನು ಬಿಟ್ಟುಕೊಟ್ಟಾಗ ಮಾತ್ರ ಮಾತಿಗೆ ರಕ್ಷಣೆ ಸಿಗುತ್ತದೆ. ವಸಾಹತು ಕಾನೂನಿನ ವಿನಾಯಿತಿಗೂ ಸಮುದಾಯದ ಈ ಒಪ್ಪಂದಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲದಿದ್ದರೂ ತರ್ಕದಲ್ಲಿ ಸಾಮ್ಯವಿದೆ. ಎರಡೂ ಮಾತನ್ನು ಸಹಿಸಿದವು, ಮಾತನಾಡುವವನನ್ನು ಒಪ್ಪಿಕೊಳ್ಳಲಿಲ್ಲ.

3

ಜನಪದ ಪ್ರದರ್ಶನವು ಜಾತ್ರೆಯ ಆವರಣವನ್ನು ದಾಟಿದಾಗ ಸಮಸ್ಯೆ ಬಯಲಿಗೆ ಬರುತ್ತದೆ. 1951ರ ಬಾಂಬೆ ಪೊಲೀಸ್ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ನಿಯಮಗಳು ತಮಾಷಾ ಸೇರಿದಂತೆ ಸಾರ್ವಜನಿಕ ರಂಜನೆಯ ಪ್ರದರ್ಶನಗಳಿಗೆ ಮುಂಚಿತ ಪರಿಶೀಲನೆಯನ್ನು ವಿಧಿಸಿದವು. ಪರಿಶೀಲನೆಗೆ ಒಪ್ಪಿಸಬೇಕಾದದ್ದು ಲಿಖಿತ ಪ್ರತಿಯನ್ನು. ತಮಾಷಾದ ಸೊಗಸು ಇದ್ದದ್ದು ಸೋಂಗಾಡ್ಯಾ ಅಂದಿನ ಸಭೆಯನ್ನು ನೋಡಿಕೊಂಡು ಹೊಸೆಯುವ ಮಾತಿನಲ್ಲಿ. 1956ರ ಏಕೀಕರಣದವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದುದರಿಂದ ತಮಾಷಾದೊಂದಿಗೆ ಒಡನಾಟವಿದ್ದ ಸಣ್ಣಾಟದ ಪ್ರದೇಶವೂ ಈ ಕಾನೂನಿನ ವ್ಯಾಪ್ತಿಯಲ್ಲಿತ್ತು. ಪ್ರತಿಯನ್ನು ಕೇಳುವ ಕಾನೂನಿನ ಮುಂದೆ ಆಶುಮಾತಿನ ಕಲಾವಿದನಿಗೆ ಎರಡೇ ದಾರಿ: ಬರೆದುಕೊಟ್ಟದ್ದನ್ನಷ್ಟೇ ಆಡುವುದು ಅಥವಾ ಬರೆದುಕೊಟ್ಟದ್ದನ್ನು ಮೀರಿ ಅಪರಾಧಿಯಾಗುವುದು. ಮೊದಲನೆಯದರಲ್ಲಿ ಕಲೆ ಸೊರಗುತ್ತದೆ. ಎರಡನೆಯದರಲ್ಲಿ ಕಲಾವಿದ ಸೊರಗುತ್ತಾನೆ.

ಯಕ್ಷಗಾನದ ರಚನೆಯಲ್ಲಿ ಈ ಇಕ್ಕಟ್ಟು ಸ್ಪಷ್ಟವಾಗಿ ಕಾಣುತ್ತದೆ. ಭಾಗವತನು ಹಾಡುವ ಪ್ರಸಂಗದ ಪದ್ಯಗಳು ಲಿಖಿತ. ವೇಷಧಾರಿಯ ಅರ್ಥಗಾರಿಕೆ ಅಲಿಖಿತ. ಪ್ರಸಂಗದ ಪುಸ್ತಕವನ್ನು ಎಷ್ಟು ಪರಿಶೀಲಿಸಿದರೂ ಅಂದಿನ ರಾತ್ರಿಯ ವಾಲಿ ರಾಮನನ್ನು ಏನು ಕೇಳುತ್ತಾನೆ, ಹಾಸ್ಯಗಾರ ಊರಿನ ಯಾವ ಸಂಗತಿಯನ್ನು ಎತ್ತುತ್ತಾನೆ ಎಂಬುದು ತಿಳಿಯದು. ಆದ್ದರಿಂದ ಇಲ್ಲಿ ನಿಯಂತ್ರಣವು ಬೇರೆ ರೂಪಗಳನ್ನು ಪಡೆಯುತ್ತದೆ. ಸರ್ಕಾರಿ ಉತ್ಸವಗಳ ವೇದಿಕೆಯಲ್ಲಿ ರಾತ್ರಿಯಿಡೀ ನಡೆಯುವ ಆಟಕ್ಕೆ ಅರ್ಧ ಗಂಟೆ ಸಿಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ನಂತರ ಧ್ವನಿವರ್ಧಕವನ್ನು ನಿರ್ಬಂಧಿಸಿದವು. ಶಬ್ದಮಾಲಿನ್ಯದ ನಿಯಂತ್ರಣ ನ್ಯಾಯವಾದ ಸಾರ್ವಜನಿಕ ಉದ್ದೇಶವೇ ಆಗಿದೆ, ಅದನ್ನು ಸೆನ್ಸಾರ್ ಎನ್ನಲಾಗದು. ಆದರೆ ಕಾಲವನ್ನು ಕತ್ತರಿಸಿದಾಗ ಕಥೆಯ ಚೌಕಟ್ಟಿಗೆ ಅನಿವಾರ್ಯವಲ್ಲದ ಭಾಗಗಳು ಮೊದಲು ಹೋಗುತ್ತವೆ. ಹಾಸ್ಯ, ವಾದ, ಸಮಕಾಲೀನ ಟೀಕೆಗಳು ಸೇರಿಕೊಂಡಿರುವುದು ಆ ಭಾಗಗಳಲ್ಲೇ. ಯಾರೂ ನಿಷೇಧಿಸದೆಯೇ ಟೀಕೆಯು ಕಾಣೆಯಾಗುವ ಕ್ರಮವಿದು.

4

ಲಿಖಿತ ಮತ್ತು ಮೌಖಿಕ ಲೋಕಗಳ ನಡುವಿನ ಅಂತರವನ್ನು ಅರಿಯಲು ಮಂಟೇಸ್ವಾಮಿ ಮಹಾಕಾವ್ಯ ಉತ್ತಮ ನಿದರ್ಶನ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ಹಾಡುವ ಈ ಕಾವ್ಯದ 'ಕಲ್ಯಾಣದ ಸಾಲು' ಭಾಗದಲ್ಲಿ ಮಂಟೇಸ್ವಾಮಿ ಹೇಸಿಕೆ ಹುಟ್ಟಿಸುವ ರೂಪದಲ್ಲಿ ಕಲ್ಯಾಣಕ್ಕೆ ಬಂದು ಅಲ್ಲಿನ ಜಂಗಮರ ನಿಜ ಹುಸಿಗಳನ್ನು ಒರೆಗೆ ಹಚ್ಚುತ್ತಾನೆ. ಸಮಾನತೆಯನ್ನು ಸಾರಿದ ಊರಿನ ಬಾಗಿಲಲ್ಲೇ ಕೀಳೆಂದು ಕಂಡವನಿಗೆ ತಡೆಯುಂಟಾಗುವ ಚಿತ್ರ ಅದರಲ್ಲಿದೆ. ಹನ್ನೆರಡನೆಯ ಶತಮಾನದ ಚಳವಳಿಯನ್ನು ಕುರಿತು ಕೆಳಸ್ತರದ ಸಮುದಾಯಗಳು ಮಾಡಿರುವ ಗಂಭೀರ ವಿಮರ್ಶೆಯಿದು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಇದು ತಲೆಮಾರುಗಳಿಂದ ಭಕ್ತಿಯ ಹಾಡಾಗಿ ಉಳಿದು ಬಂದಿದೆ.

ಇದರ ಎದುರಿಗೆ ಅದೇ ಚಳವಳಿಯನ್ನು ಕುರಿತ ಲಿಖಿತ ಕೃತಿಗಳ ಗತಿಯನ್ನು ಇಟ್ಟು ನೋಡಬಹುದು. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕವು ಪಠ್ಯವಾದ ಬಳಿಕ 1990ರ ದಶಕದಲ್ಲಿ ತೀವ್ರ ವಿರೋಧವನ್ನು ಎದುರಿಸಿತು. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು; 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಇಲ್ಲಿ ಬಳಕೆಯಾದ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು ಕೃತಿಯ ಪ್ರತಿಯೊಂದು ಪ್ರತಿಯನ್ನೂ ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿತ್ತು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಅಧಿಕಾರ ಮುಂದುವರಿದಿದೆ. ನೀಲಗಾರನ ಹಾಡಿಗೆ ಹಾಗೆ ವಶಪಡಿಸಿಕೊಳ್ಳಬಹುದಾದ ಪ್ರತಿಯಿಲ್ಲ. ಇದರಿಂದ ಮೌಖಿಕ ಪರಂಪರೆ ಹೆಚ್ಚು ಸ್ವತಂತ್ರವೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ನೀಲಗಾರನ ವಿಮರ್ಶೆಯನ್ನು ವಿಮರ್ಶೆಯೆಂದು ಯಾರೂ ಓದದಿದ್ದುದರಿಂದ ಅದು ಉಳಿಯಿತು ಎಂಬ ಸಾಧ್ಯತೆಯನ್ನೂ ನಾವು ಎದುರಿಸಬೇಕು. ಇಂದು ಹಾಡು ಧ್ವನಿಮುದ್ರಿಕೆಯಾಗಿ, ಮೊಬೈಲಿನ ದೃಶ್ಯತುಣುಕಾಗಿ ಹರಡುತ್ತಿದೆ. ಜಾತ್ರೆಗೆ ಬಾರದವರೂ ಅದನ್ನು ಕೇಳಬಲ್ಲರು. ಸಂದರ್ಭದಿಂದ ಕಿತ್ತ ಒಂದು ನಿಮಿಷವನ್ನು ಹಿಡಿದು ಆಕ್ಷೇಪಿಸಬಲ್ಲರು. ಪ್ರತಿಯಿಲ್ಲದ ಮಾತಿಗೆ ಈಗ ಪ್ರತಿ ದೊರೆತಿದೆ. ಹಳೆಯ ರಿಯಾಯಿತಿ ಅದನ್ನು ಕಾಯಲಾರದು.

5

ಕತ್ತರಿಯನ್ನು ಕುರಿತು ಮಾತನಾಡುವಾಗ ಜಾನಪದ ವಿದ್ವತ್ತು ತನ್ನ ಕೈಯಲ್ಲಿರುವುದನ್ನೂ ನೋಡಿಕೊಳ್ಳಬೇಕು. ಹಲಸಂಗಿ ಗೆಳೆಯರ 'ಗರತಿಯ ಹಾಡು' (1931) ಕನ್ನಡ ಜಾನಪದದ ಮಹತ್ವದ ಸಂಕಲನ. ಹಳ್ಳಿಯ ಹೆಣ್ಣಿನ ಹಾಡಿಗೆ ಕಾವ್ಯದ ಮನ್ನಣೆ ದೊರಕಿಸಿಕೊಡುವುದು ಆ ಕಾಲದ ಅಗತ್ಯವಾಗಿತ್ತು. ಆದರೆ 'ಗರತಿ' ಎಂಬ ಶೀರ್ಷಿಕೆಯ ಆಯ್ಕೆಯೇ ಹಾಡುವ ಹೆಣ್ಣನ್ನು ಒಂದು ಮೌಲ್ಯಕ್ಕೆ ಒಪ್ಪಿಸುತ್ತದೆ. ಬೀಸುಕಲ್ಲಿನ ಮುಂದೆ ತವರನ್ನು ನೆನೆಯುವ ದನಿಯೇ ಮದುವೆ ಮನೆಯಲ್ಲಿ ಬೀಗರನ್ನು ಲಂಗುಲಗಾಮಿಲ್ಲದೆ ಹಂಗಿಸುತ್ತದೆ ಎಂಬುದು ಕ್ಷೇತ್ರಕಾರ್ಯ ಮಾಡಿದವರೆಲ್ಲರಿಗೂ ಗೊತ್ತಿರುವ ಸಂಗತಿ. ನಂತರದ ಎಷ್ಟೋ ಸಂಗ್ರಹಗಳಲ್ಲಿ ಇಂಥ ಹಾಡುಗಳ ಜಾಗದಲ್ಲಿ ಚುಕ್ಕಿಗಳಿವೆ, 'ಅಶ್ಲೀಲವಾದ್ದರಿಂದ ಕೈಬಿಡಲಾಗಿದೆ' ಎಂಬ ಒಂದು ಸಾಲಿದೆ, ಹಲವೆಡೆ ಅದೂ ಇಲ್ಲ. ಸರ್ಕಾರದ ನಿಷೇಧಕ್ಕೆ ಆದೇಶದ ದಾಖಲೆಯಾದರೂ ಉಳಿಯುತ್ತದೆ. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಸಂಪಾದಕನು ದಾಖಲಿಸದೆ ಬಿಟ್ಟದ್ದನ್ನು ಪ್ರಶ್ನಿಸುವ ದಾರಿಯೇ ಇಲ್ಲ.

ಇದಕ್ಕೆ ಪರಿಹಾರವಾಗಿ ಕೇಳಿದ್ದೆಲ್ಲವನ್ನೂ ಅಚ್ಚು ಹಾಕಬೇಕೆಂದು ವಾದಿಸುವುದು ಸರಿಯಲ್ಲ. ಹೆಂಗಸರ ನಡುವೆ ಮಾತ್ರ ಹಾಡುವ ಹಾಡುಗಳಿವೆ. ಆಚರಣೆಯ ಹೊರಗೆ ಉಚ್ಚರಿಸಬಾರದ ನುಡಿಗಳಿವೆ. ಹಾಡುವವರು ತಾವೇ ಇಟ್ಟುಕೊಂಡ ಈ ಮಿತಿಗಳು ಅವರ ಅಭಿವ್ಯಕ್ತಿಯ ಭಾಗ. ಯಾವುದನ್ನು, ಎಲ್ಲಿ, ಯಾರ ಮುಂದೆ ಹೇಳಬೇಕೆಂದು ನಿರ್ಧರಿಸುವ ಅಧಿಕಾರವೂ ಮಾತಿನ ಸ್ವಾತಂತ್ರ್ಯದಲ್ಲಿ ಸೇರಿದೆ. ಆ ನಿರ್ಧಾರವನ್ನು ಹಾಡುವವರ ಪರವಾಗಿ ಅಧಿಕಾರಿಯೋ ಸಂಘಟಕನೋ ಸಂಪಾದಕನೋ ಮಾಡಿದಾಗ ಅದು ಸೆನ್ಸಾರ್ ಆಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸದ ಸಂಪಾದನೆ ಒಂದೋ ಮಡಿವಂತಿಕೆಯಾಗುತ್ತದೆ, ಇಲ್ಲವೇ ಇನ್ನೊಬ್ಬರ ಗುಟ್ಟನ್ನು ಬಯಲಿಗೆಳೆಯುವ ಕೆಲಸವಾಗುತ್ತದೆ.

6

ಲಕ್ನೋದಲ್ಲಿ ಪ್ರೇಮಚಂದರ 'ಈದ್‌ಗಾಹ್' ಕಥೆಯ ರಂಗರೂಪವನ್ನು ಆಡಿದ ಕಲಾವಿದರ ಮೇಲಿನ ಮೊಕದ್ದಮೆಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು 1956ರಲ್ಲೇ 1876ರ ಕಾಯ್ದೆಯನ್ನು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತ್ತು. ಆದರೂ ಅದು ಕೇಂದ್ರದ ಕಾನೂನು ಪುಸ್ತಕದಿಂದ ಹೊರಬಿದ್ದದ್ದು 2017ರ ನಿರಸನ ಕಾಯ್ದೆಯ ಮೂಲಕ. ಈ ನಡುವೆ ರಾಜ್ಯಗಳು ತಮ್ಮದೇ ಕಾಯ್ದೆಗಳನ್ನು ರೂಪಿಸಿಕೊಂಡವು. 1964ರಲ್ಲಿ ಮೈಸೂರು ರಾಜ್ಯವೂ ಹಾಗೆ ಮಾಡಿತು. 1876ರ ಕಾಯ್ದೆಯೊಂದಿಗೆ ಜಾತ್ರಾಗಳ ಹೆಸರೆತ್ತಿ ಕೊಟ್ಟಿದ್ದ ಅದರ ವಿನಾಯಿತಿಯೂ ಹೋಯಿತು. ಅದಕ್ಕಾಗಿ ದುಃಖಿಸಬೇಕಾಗಿಲ್ಲ. ಸಂವಿಧಾನದ 19(1)(ಎ) ವಿಧಿ ಪ್ರತಿಯಿರುವ ಮಾತಿಗೂ ಪ್ರತಿಯಿಲ್ಲದ ಮಾತಿಗೂ ಭೇದವೆಣಿಸುವುದಿಲ್ಲ. ನೀಲಗಾರ, ಹಾಸ್ಯಗಾರ, ಬೀಗರ ಹಾಡು ಹೇಳುವ ಹೆಂಗಸು ಇವರೆಲ್ಲರೂ ಆ ವಿಧಿಯ ಅರ್ಥದಲ್ಲಿ ನಾಗರಿಕರೇ ಆಗಿದ್ದಾರೆ.

ಆದ್ದರಿಂದ ಜನಪದ ಕಲೆಗಳ ರಕ್ಷಣೆಗೆ 'ಪರಂಪರೆ', 'ಸಂಸ್ಕೃತಿ', 'ಶ್ರದ್ಧೆ' ಎಂಬ ಆಧಾರಗಳನ್ನಷ್ಟೇ ನೆಚ್ಚಿಕೊಳ್ಳುವುದು ಸಾಲದು. ಪರಂಪರೆಯ ಹೆಸರಿನಲ್ಲಿ ರಕ್ಷಿತವಾದ ಮಾತನ್ನು ಪರಂಪರೆಯ ಹೆಸರಿನಲ್ಲೇ ತಡೆಯಲೂ ಬರುತ್ತದೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಹಾಗೂ ದಾಖಲಾಗಾರಗಳು ಕನಿಷ್ಠ ಮೂರು ಕೆಲಸಗಳನ್ನು ಮಾಡಬಹುದಾಗಿದೆ. ಒಂದು, ಪ್ರಕಟಣೆಯಲ್ಲಿ ಕೈಬಿಟ್ಟ ಭಾಗವನ್ನು ಕಾರಣಸಹಿತ ಗುರುತಿಸುವುದು. ಎರಡು, ಹಾಡಿದವರ ಒಪ್ಪಿಗೆ ಮತ್ತು ಷರತ್ತುಗಳೊಂದಿಗೆ ಪೂರ್ಣ ಧ್ವನಿಮುದ್ರಿಕೆಯನ್ನು ಸಂಶೋಧಕರಿಗಾಗಿ ಕಾಪಿಡುವುದು. ಮೂರು, ಉತ್ಸವದ ವೇದಿಕೆಗಳಲ್ಲಿ ಏನನ್ನು ಬಿಡಬೇಕೆಂಬ ತೀರ್ಮಾನವನ್ನು ಕಲಾವಿದರಿಗೇ ಬಿಡುವುದು. ಇವು ದೊಡ್ಡ ಸುಧಾರಣೆಗಳೇನಲ್ಲ. ಆದರೆ ಜನಪದ ಕಲಾವಿದನು ಆಡುವುದು ಅವನದೇ ಮಾತು, ಅದಕ್ಕೆ ಅವನೇ ಹಕ್ಕುದಾರ ಎಂಬ ತತ್ವವನ್ನು ಇವು ಒಪ್ಪಿಕೊಳ್ಳುತ್ತವೆ. ಆ ಒಪ್ಪಿಗೆ ಇಲ್ಲದೆ ಮೌಖಿಕ ಪರಂಪರೆಯ ಸ್ವಾತಂತ್ರ್ಯವನ್ನು ಕುರಿತು ನಾವು ಆಡುವ ಮಾತುಗಳಿಗೆ ಅರ್ಥವಿರುವುದಿಲ್ಲ.