ಹರಿಗೋಲೂ ಹಾಯಿದೋಣಿಯೂ

ಶಿಗ್ಗಾಂವಿ ತಾಲೂಕಿನ ದುಂಡಸಿಯು ಮಲೆನಾಡಿನ ಸೆರಗಿನಲ್ಲಿರುವ ಊರು. ಕೆರೆಯ ನೀರು, ಮಳೆಗಾಲದ ಹಳ್ಳದ ನೀರು, ಗದ್ದೆಯಲ್ಲಿ ನಿಂತ ನೀರು, ಇವಿಷ್ಟೇ ಅಲ್ಲಿಯ ವಾಚಕನಿಗೆ ಒಡನಾಟದ ನೀರು. ಕಡಲೆಂಬುದು ಘಟ್ಟದಾಚೆಯ ಮಾತು. ಇಂಥ ಊರಿನ ಪಡಸಾಲೆಯಲ್ಲಿ ಕುಳಿತು, ಪುಟ್ಟ ಹಾಯಿದೋಣಿಗಳಲ್ಲಿ ಮಹಾಸಾಗರವನ್ನು ದಾಟಿದವರ ಗ್ರಂಥಗಳನ್ನು ಓದುವುದರಿಂದ ಬರುವ ಲಾಭವೇನೆಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ. ಆದರೆ ಈ ದೋಣಿಗಳಿಗೆ ಒಂದು ವಿಶೇಷವುಂಟು. ಇವು ನೀರಿನ ಮೇಲೆ ಕಳೆಯುವ ದಿನಗಳಿಗಿಂತ ನೆಲದ ಮೇಲೆ ಕಳೆಯುವ ದಿನಗಳೇ ಹೆಚ್ಚು. ಮನೆಯ ಹಿತ್ತಲಲ್ಲಿ ತಾಡಪತ್ರಿ ಹೊದ್ದು ಮಲಗಿದ್ದು, ಒಡೆಯನಿಗೆ ಬಿಡುವಾದಾಗ ಎರಡು ಗಾಲಿಯ ಗಾಡಿಯನ್ನೇರಿ, ಮೋಟಾರಿನ ಹಿಂದೆ ನೂರಾರು ಮೈಲು ಎಳೆಯಿಸಿಕೊಂಡು ಹೋಗಿ ನೀರಿಗಿಳಿಯುತ್ತವೆ. ತಳದಲ್ಲಿ ಆಳವಾದ ಮರವಿಲ್ಲದೆ, ದೋಣಿಯ ಹೊಟ್ಟೆಯೊಳಗಿಂದ ಇಳಿಬಿಟ್ಟು ಬೇಕಾದಾಗ ಮೇಲೆತ್ತಿಕೊಳ್ಳುವ ಹಲಗೆಯೊಂದಿರುವುದರಿಂದ ಇವುಗಳಲ್ಲಿ ಹಲವು ಮೊಣಕಾಲುದ್ದದ ನೀರಿನಲ್ಲಿಯೂ ತೇಲಬಲ್ಲವು. ಕಡಲಿಲ್ಲದ ಊರಿನವನಿಗೂ ಸಲ್ಲುವ ದೋಣಿಯೆಂದರೆ ಇದೇ.

ಇದರ ಅಳತೆಯನ್ನು ತಿಳಿಯಲು ದುಂಡಸಿಯ ಹಿರಿಯರಿಗೆ ಕಷ್ಟವಾಗದು. ಜಾತ್ರೆಗೆಂದು ಸವಾರಿ ಬಂಡಿ ಕಟ್ಟುತ್ತಿದ್ದ ಕಾಲದಲ್ಲಿ ಬುತ್ತಿಯ ಗಂಟು, ನೀರಿನ ಕೊಡ, ಹಾಸಿಗೆ, ಕಂದೀಲು, ಎತ್ತಿನ ಮೇವು, ಕೀಲೆಣ್ಣೆ ಇವುಗಳಲ್ಲಿ ಯಾವುದನ್ನು ಎಲ್ಲಿಡಬೇಕೆಂಬ ಲೆಕ್ಕಾಚಾರವು ಎಷ್ಟು ಸೂಕ್ಷ್ಮವಾಗಿರುತ್ತಿತ್ತೋ, ಈ ದೋಣಿಯವನ ಲೆಕ್ಕಾಚಾರವೂ ಅಷ್ಟೇ ಸೂಕ್ಷ್ಮವಾದುದು. ಬಂಡಿಯವನು ಮರೆತದ್ದನ್ನು ಮುಂದಿನ ಊರಿನಲ್ಲಿ ಕೇಳಿ ಪಡೆಯಬಲ್ಲನು. ದೋಣಿಯವನಿಗೆ ಮುಂದಿನ ಊರು ಎರಡು ತಿಂಗಳಾಚೆಗಿರುವುದು.

ಕನ್ನಡ ವಾಙ್ಮಯದಲ್ಲಿ ದೋಣಿಯಿಲ್ಲವೆ? ಧಾರಾಳವಾಗಿ ಉಂಟು. ಆದರೆ ಅದು ಬಹುಮಟ್ಟಿಗೆ ದಾಟುವ ದೋಣಿ. ಈ ದಡದಲ್ಲಿ ಹತ್ತಿ ಆ ದಡದಲ್ಲಿ ಇಳಿಯುವುದಷ್ಟೇ ಅದರ ಪ್ರಯೋಜನ. ಹುಟ್ಟು ಹಾಕುವವನು ಬೇರೆ, ಕುಳಿತವನು ಬೇರೆ. ರಾಮನನ್ನು ಗುಹನು ದಾಟಿಸಿದನು; ಭಕ್ತನನ್ನು ಹರಿಯು ದಾಟಿಸಬೇಕು. ಪುರಂದರದಾಸರ ಅಂಬಿಗನ ಕೀರ್ತನೆಯು ಮನೆಮನೆಯಲ್ಲಿ ಹಾಡಲ್ಪಡುವಂಥದು, ಅದರ ಆರ್ತತೆಯಲ್ಲಿ ಸಂದೇಹವೇ ಇಲ್ಲ. ಆದರೂ ಅದರಲ್ಲಿಯ ಹರಿಗೋಲಿಗೆ ಒಂಬತ್ತು ತೂತುಗಳಿರುವುವು ಎಂಬ ವರ್ಣನೆಯನ್ನು ವಿಮರ್ಶಕನ ಕಣ್ಣಿನಿಂದ ನೋಡಬೇಕು. ಒಂಬತ್ತೆಂಬ ಆ ಲೆಕ್ಕವು ನವದ್ವಾರಗಳ ದೇಹದಿಂದ ಬಂದುದಲ್ಲದೆ ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲಿನಿಂದ ಬಂದುದಲ್ಲ. ಅಂಥ ಹರಿಗೋಲನ್ನು ತುಂಗಭದ್ರೆಯ ಯಾವ ಅಂಬಿಗನೂ ನೀರಿಗೆ ಇಳಿಸನು.

ಇದಕ್ಕೆದುರಾಗಿ ಶಿಶುನಾಳದ ಷರೀಫಸಾಹೇಬರ ಸೋರುವ ಮಾಳಿಗೆಯ ಪದವನ್ನು ಇಟ್ಟು ನೋಡಬಹುದು. ಷರೀಫರು ಇದೇ ಶಿಗ್ಗಾಂವಿ ತಾಲೂಕಿನವರು (೧೮೧೯–೧೮೮೯). ಅವರ ಮಾಳಿಗೆಯೂ ಕೊನೆಗೆ ದೇಹವೇ, ಅಜ್ಞಾನದ ಸಂಕೇತವೇ. ಆದರೆ ಸಂಕೇತವಾಗುವುದಕ್ಕೆ ಮುಂಚೆ ಅದು ನಿಜವಾದ ಮಾಳಿಗೆ: ತೊಲೆ ಮುರಿದಿದೆ, ಜಂತಿಗೆ ಹುಳು ಬಿದ್ದಿದೆ, ಕತ್ತಲೆಯಲ್ಲಿ ಮೇಲೆ ಹತ್ತುವ ಧೈರ್ಯವಿಲ್ಲ. ಮಳೆಗಾಲದ ರಾತ್ರಿಯಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು ಎಚ್ಚರವಿದ್ದವರು ಆ ಪದವನ್ನು ಮೊದಲು ಮೈಯಿಂದ ಅರಿತು ಆಮೇಲೆ ಮನಸ್ಸಿನಿಂದ ಅರಿಯುತ್ತಾರೆ. ಬಾಡದಲ್ಲಿ ಹುಟ್ಟಿದ ಕನಕದಾಸರೂ ಈ ನೆಲದವರೇ. ರಾಮಧಾನ್ಯಚರಿತ್ರೆಯಲ್ಲಿ ಭತ್ತವೂ ರಾಗಿಯೂ ವಾದಿಸುವಾಗ ಧಾನ್ಯವು ಧಾನ್ಯವಾಗಿಯೇ ಉಳಿದು ಅರ್ಥವನ್ನು ಹೊರುತ್ತದೆ. ಅಂದಮೇಲೆ ವಸ್ತುವನ್ನು ವಸ್ತುವಾಗಿ ಕಾಣುವ ದೃಷ್ಟಿಯು ಕನ್ನಡಕ್ಕೆ ಹೊಸದಲ್ಲ. ಮನೆಗೂ ಹೊಲಕ್ಕೂ ದೊರೆತ ಆ ದೃಷ್ಟಿಯು ದೋಣಿಗೆ ದೊರೆಯಲಿಲ್ಲ, ಅಷ್ಟೆ.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನಿಂದ ಅದು ಆಗಬಹುದಾಗಿತ್ತು. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಚೌಡದಾನಪುರವು ಅವನ ಹೆಸರಿನೊಂದಿಗೆ ಬೆಸೆದ ಊರು. ವೃತ್ತಿಯ ಹೆಸರನ್ನೇ ವಚನಗಳ ಅಂಕಿತವನ್ನಾಗಿ ಮಾಡಿಕೊಂಡ ದಿಟ್ಟನವನು. ಆದರೆ ಅವನ ಸಿಟ್ಟು ಡಾಂಭಿಕರ ಮೇಲೆ. ಹೊಳೆಯ ಸೆಳವಿನ ಮೇಲೆ ಅವನ ಮಾತು ನಿಲ್ಲುವುದು ಕಡಿಮೆ.

ಹೊಸಗನ್ನಡಕ್ಕೆ ಬಂದರೆ, ಸಮುದ್ರವನ್ನು ಕಾವ್ಯದ ಮುಖ್ಯ ವಸ್ತುವನ್ನಾಗಿ ಹಿಡಿದವರಲ್ಲಿ ಪ್ರಮುಖರು ಸವಣೂರಿನಲ್ಲಿ ಹುಟ್ಟಿದವರು ಎಂಬುದು ಮೋಜಿನ ಸಂಗತಿ. ವಿನಾಯಕ ಕೃಷ್ಣ ಗೋಕಾಕರು ೧೯೦೯ರಲ್ಲಿ ಸವಣೂರಿನಲ್ಲಿ ಜನಿಸಿ, ಮೂವತ್ತರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದು, ೧೯೪೦ರಲ್ಲಿ ‘ಸಮುದ್ರಗೀತೆಗಳು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಛಂದಸ್ಸಿನ ಕಟ್ಟನ್ನು ಸಡಿಲಿಸಿ ಮುಂದಿನ ಪೀಳಿಗೆಗೆ ದಾರಿ ಮಾಡಿದ ಗ್ರಂಥವೆಂದು ಅದಕ್ಕೆ ಸಲ್ಲಬೇಕಾದ ಗೌರವವು ಸಂದಿದೆ. ಆದರೆ ಅಲ್ಲಿಯ ಕಡಲು ಉಗಿಹಡಗಿನ ಕಟಾಂಜನಕ್ಕೆ ಒರಗಿ ನಿಂತವನ ಕಡಲು. ಆ ಎತ್ತರದಿಂದ ಅಲೆಯು ವಿರಾಟ್ ಸ್ವರೂಪವಾಗಿ ತೋರುತ್ತದೆ. ತೋಳಿನ ಮೇಲೆ ಬೀಳುವ ಭಾರವಾಗಿ ತೋರುವುದಿಲ್ಲ. ಹಡಗನ್ನು ನಡೆಯಿಸುವ ಹೊಣೆಯಿಲ್ಲದವನಿಗೆ ಧ್ಯಾನವು ಸುಲಭವಾಗಿ ಒದಗುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಹಗಲಿರುಳು ಮೊರೆಯುವ ನೆರೆಯವನಂತಿದೆ, ಕೋಡಿಯ ಮನೆಯ ಬಾಳಿನಿಂದ ಅದನ್ನು ಬೇರ್ಪಡಿಸಲಾಗದು, ಆದರೂ ಅಲ್ಲಿಯ ಕಣ್ಣು ದಡದ ಕಣ್ಣೇ.

ಇನ್ನು ಪ್ರಕೃತ ಗ್ರಂಥಗಳು. ಈ ಪರಂಪರೆಯ ಹಿರಿಯ ಗ್ರಂಥವೆಂದರೆ ಜೋಶುವಾ ಸ್ಲೋಕಂ ಎಂಬ ನಾವಿಕನು ೧೯೦೦ರಲ್ಲಿ ಹೊರತಂದ ‘ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್’. ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನಾತ. ಅವನ ‘ಸ್ಪ್ರೇ’ ಎಂಬ ನಾವೆಯು ಸುಮಾರು ೩೭ ಅಡಿಯದು, ಗಾಡಿಯ ಮೇಲೆ ಸಾಗಿಸುವಂಥದಲ್ಲ. ಆದರೆ ಅದರ ಕಥೆಯು ತೊಡಗುವುದು ನೆಲದ ಮೇಲೆಯೇ. ನೀರಿನಿಂದ ದೂರವಾಗಿ, ಹುಲ್ಲುಗಾವಲಿನಲ್ಲಿ, ಬಟ್ಟೆ ಮುಚ್ಚಿಕೊಂಡು ಜೀರ್ಣವಾಗಿ ನಿಂತಿದ್ದ ಹಳೆಯ ನಾವೆಯನ್ನು ಹಲಗೆ ಹಲಗೆಯಾಗಿ ಹೊಸದಾಗಿ ಕಟ್ಟಿದನು. ಹದಿಮೂರು ತಿಂಗಳು ಹಿಡಿಯಿತು. ಸಾಮಗ್ರಿಗೆ ತಗಲಿದ ವೆಚ್ಚ ೫೫೩ ಡಾಲರ್ ೬೨ ಸೆಂಟ್. ಆ ಅರವತ್ತೆರಡು ಸೆಂಟನ್ನೂ ಬಿಡದೆ ಬರೆದಿರುವುದರಲ್ಲಿ ಈ ವಾಙ್ಮಯದ ಧರ್ಮವೇ ಅಡಗಿದೆ. ೧೮೯೫ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಿಂದ ಹೊರಟವನು ೧೮೯೮ರ ಜೂನ್‌ನಲ್ಲಿ ೪೬,೦೦೦ ಮೈಲು ಮುಗಿಸಿ ಮರಳಿದನು.

ಗ್ರಂಥವು ನಿರ್ದೋಷವಾದುದೇನಲ್ಲ. ದಕ್ಷಿಣ ಅಮೇರಿಕದ ತುದಿಯಲ್ಲಿ ಅಲ್ಲಿಯ ಮೂಲನಿವಾಸಿಗಳು ರಾತ್ರಿ ನಾವೆ ಹತ್ತದಂತೆ ಅಟ್ಟದ ಮೇಲೆ ಚೂಪು ಮೊಳೆಗಳನ್ನು ಹರಡಿ, ಬರಿಗಾಲಿನ ಆ ಜನರು ಕಿರುಚಿ ಓಡಿದುದನ್ನು ಸ್ಲೋಕಂನು ದೊಡ್ಡ ವಿನೋದವೆಂಬಂತೆ ವರ್ಣಿಸುತ್ತಾನೆ. ಅವನಿಗೆ ಪ್ರಾಣಭಯವಿದ್ದುದು ನಿಜವಿರಬಹುದು. ನಗೆಯು ಮಾತ್ರ ಇಂದಿನ ವಾಚಕನಿಗೆ ಒಗ್ಗುವುದಿಲ್ಲ. ಗಾಳಿಯ ವಿಷಯದಲ್ಲಿ ಅಷ್ಟು ನ್ಯಾಯವಂತನಾದ ಲೇಖಕನು ಮನುಷ್ಯರ ವಿಷಯದಲ್ಲಿ ಹಾಗಿರಲಿಲ್ಲವೆಂದು ಹೇಳಲೇಬೇಕಾಗಿದೆ.

ಆದರೆ ಒಂದು ಪ್ರಸಂಗಕ್ಕಾಗಿ ಈ ಗ್ರಂಥವನ್ನು ಎಷ್ಟು ಸಲವಾದರೂ ಓದಬಹುದು. ಅಜೋರ್ಸ್ ದ್ವೀಪಗಳನ್ನು ಬಿಟ್ಟ ಬಳಿಕ ಪ್ಲಮ್ ಹಣ್ಣನ್ನೂ ಬಿಳಿಯ ಗಿಣ್ಣವನ್ನೂ ಕೂಡಿ ತಿಂದು ಹೊಟ್ಟೆಶೂಲೆಯಿಂದ ಅವನು ಕೋಣೆಯ ನೆಲದ ಮೇಲೆ ಬಿದ್ದನು. ಹೊರಗೆ ಬಿರುಗಾಳಿ. ಎಚ್ಚರವಾದಾಗ ಚುಕ್ಕಾಣಿಯ ಬಳಿಯಲ್ಲಿ ಎತ್ತರದ ಪುರುಷನೊಬ್ಬನು ನಿಂತಿದ್ದನು. ಕೊಲಂಬಸನ ‘ಪಿಂಟಾ’ ಹಡಗಿನ ಚುಕ್ಕಾಣಿಗನು ತಾನೆಂದೂ, ಸಹಾಯಕ್ಕೆ ಬಂದಿರುವೆನೆಂದೂ ಹೇಳಿದನು. ಗಿಣ್ಣ ಹಣ್ಣುಗಳನ್ನು ಬೆರಸಿ ತಿಂದುದಕ್ಕೆ ಮೆಲ್ಲನೆ ಬೈದನು. ಬೆಳಗಾಗಿ ನೋಡಿದರೆ ನಾವೆಯು ದಿಕ್ಕು ತಪ್ಪದೆ ತೊಂಬತ್ತು ಮೈಲು ಬಂದಿತ್ತು.

ಅಂಬಿಗನನ್ನು ಕರೆದು ಹಾಡಿದ ಪರಂಪರೆಯ ವಾಚಕನು ಇಲ್ಲಿ ಥಟ್ಟನೆ ನಿಲ್ಲಬೇಕು. ತನ್ನ ಕೈಯನ್ನೇ ನಂಬಿ ಹೊರಟವನ ಬಳಿಗೂ ಅಂಬಿಗನು ಬಂದನು! ಕರೆಯದೆ ಬಂದನು. ಸ್ಲೋಕಂನು ಇದನ್ನು ಭಕ್ತಿಯಿಂದಲೂ ಹೇಳುವುದಿಲ್ಲ, ಭ್ರಮೆಯೆಂದು ತಳ್ಳಿಯೂ ಹಾಕುವುದಿಲ್ಲ. ಇಂಥ ದಿನ, ಇಂಥ ತಿನಿಸು, ಇಷ್ಟು ಮೈಲು ಎಂದು ನಮೂದಿಸಿ ಮುಂದೆ ಹೋಗುತ್ತಾನೆ. ಸೆಂಟುಗಳ ಲೆಕ್ಕವಿಟ್ಟವನೆಂಬ ಕಾರಣದಿಂದಲೇ ಪಿಂಟಾದ ಚುಕ್ಕಾಣಿಗನನ್ನು ವಾಚಕನು ನಂಬುತ್ತಾನೆ. ಮೊದಲೇ ಸಂಕೇತವಾಗಿ ಕಟ್ಟಿದ ದೋಣಿಯಲ್ಲಿ ಈ ಬೆರಗು ಹುಟ್ಟಲಾರದು. ಅಲ್ಲಿ ಅಂಬಿಗನು ಬರುವುದು ವಾಚಕನಿಗೆ ಮುಂಚೆಯೇ ಗೊತ್ತು.

ಇದೇ ಅನುಭವವು ರಾಬರ್ಟ್ ಮ್ಯಾನ್ರಿಯ ‘ಟಿಂಕರ್‌ಬೆಲ್’ (೧೯೬೬) ಎಂಬ ಗ್ರಂಥದಲ್ಲಿ ಮತ್ತೊಂದು ಬಗೆಯಲ್ಲಿ ಬಂದಿದೆ. ಈ ವರ್ಗದ ಗ್ರಂಥಗಳಲ್ಲಿ ಮನೆಮಂದಿಯೆಲ್ಲ ಓದಲು ತಕ್ಕುದು ಇದೇ ಎನ್ನಬಹುದು. ಮ್ಯಾನ್ರಿಯು ಅಮೇರಿಕದ ಕ್ಲೀವ್‌ಲ್ಯಾಂಡ್ ನಗರದ ಪತ್ರಿಕೆಯೊಂದರಲ್ಲಿ ಅನ್ಯರ ಬರಹವನ್ನು ತಿದ್ದುವ ಕೆಲಸದಲ್ಲಿದ್ದ ಗೃಹಸ್ಥ. ಅವನ ದೋಣಿಯು ಹದಿಮೂರೂವರೆ ಅಡಿಯದು. ಹಳೆಯದನ್ನು ಕೊಂಡು, ತಾನೇ ಕೆತ್ತಿ ಕೂಡಿಸಿ, ಮೇಲೊಂದು ಪುಟ್ಟ ಕೋಣೆ ಕಟ್ಟಿದನು. ಸಮುದ್ರವಿಲ್ಲದ ಓಹಾಯೋ ಸೀಮೆಯ ಸರೋವರಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಅದರಲ್ಲಿ ವಿಹರಿಸುತ್ತಿದ್ದನು. ಗೆಳೆಯನೊಬ್ಬನ ದೊಡ್ಡ ದೋಣಿಯಲ್ಲಿ ಇಬ್ಬರೂ ಅಟ್ಲಾಂಟಿಕ್ ದಾಟುವುದೆಂದು ಗೊತ್ತಾಗಿತ್ತು; ಗೆಳೆಯನು ಹಿಂದೆ ಸರಿದಾಗ ಇವನು ಸರಿಯಲಿಲ್ಲ. ತನ್ನ ದೋಣಿಯನ್ನು ಗಾಡಿಯ ಮೇಲೆ ಕಡಲ ದಡಕ್ಕೆ ಒಯ್ದು, ೧೯೬೫ರ ಜೂನ್ ೧ರಂದು ಮ್ಯಾಸಚೂಸೆಟ್ಸಿನ ಫಾಲ್ಮತ್‌ನಿಂದ ಹೊರಟು, ೭೮ ದಿನಗಳಲ್ಲಿ ಇಂಗ್ಲೆಂಡಿನ ಫಾಲ್ಮತ್ ಸೇರಿದನು. ಅಲೆ ಹೊಡೆದು ಹಲವು ಸಲ ನೀರಿಗೆ ಬಿದ್ದು, ಸೊಂಟಕ್ಕೆ ಕಟ್ಟಿಕೊಂಡ ಹಗ್ಗದಿಂದ ಉಳಿದನು. ನಿದ್ರೆಗೆಟ್ಟು ಕಂಗೆಟ್ಟಾಗ ದೋಣಿಯಲ್ಲಿ ಇಲ್ಲದವರು ಕಂಡರು, ಮಾತಾಡಿದರು. ಸ್ಲೋಕಂನಿಗೆ ಬಂದವನು ಕಾಪಾಡಿದನು. ಮ್ಯಾನ್ರಿಗೆ ಬಂದವರು ದಾರಿ ತಪ್ಪಿಸಿದರು. ಅದನ್ನೆಲ್ಲ ತಿದ್ದುಗಾರನ ಶುಚಿಯಾದ ಗದ್ಯದಲ್ಲಿ, ದನಿಯೇರಿಸದೆ ಬರೆದಿದ್ದಾನೆ. ದಡದಲ್ಲಿ ಸಾವಿರಾರು ಜನರು ಕಾದಿರುವರೆಂದು ಅವನು ಎಣಿಸಿರಲೇ ಇಲ್ಲ. ಆ ಪುಟಗಳಲ್ಲಿಯ ಗಲಿಬಿಲಿಯು ಕೃತಕವಲ್ಲ.

ಹಣವಂತರ ಹುಚ್ಚಾಟವಿದು ಎಂಬ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ. ಇಂಗ್ಲೆಂಡಿನ ಶೇನ್ ಆ್ಯಕ್ಟನ್ ೪೦೦ ಪೌಂಡಿಗೆ ಕೊಂಡ ೧೮ ಅಡಿಯ ‘ಶ್ರಿಂಪಿ’ಯಲ್ಲಿ ೧೯೭೨ರಿಂದ ೧೯೮೦ರ ವರೆಗೆ ಭೂಮಿಯನ್ನು ಸುತ್ತಿ ಬಂದನು. ಹೊರಟಾಗ ಅವನಿಗೆ ಹಾಯಿಯ ವಿದ್ಯೆಯೂ ಅಷ್ಟಕ್ಕಷ್ಟೆ. ಫ್ರ್ಯಾಂಕ್ ಮತ್ತು ಮಾರ್ಗರೆಟ್ ಡೈ ದಂಪತಿಗಳ ‘ಓಷನ್ ಕ್ರಾಸಿಂಗ್ ವೇಫೇರರ್’ (೧೯೭೭) ಇನ್ನೂ ಕಠಿಣವಾದ ಗ್ರಂಥ. ಕೋಣೆಯೇ ಇಲ್ಲದ, ಹದಿನಾರಡಿಯ ತೆರೆದ ದೋಣಿಯಲ್ಲಿ ಫ್ರ್ಯಾಂಕ್ ಡೈ ೧೯೬೩ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೂ, ೧೯೬೪ರಲ್ಲಿ ನಾರ್ವೆಗೂ ಒಬ್ಬೊಬ್ಬ ಸಂಗಡಿಗನೊಂದಿಗೆ ಹೋದನು. ನಾರ್ವೆಯ ದಾರಿಯಲ್ಲಿ ಬಿರುಗಾಳಿಗೆ ದೋಣಿಯು ಮತ್ತೆ ಮತ್ತೆ ಮಗುಚಿತು, ಕೂವೆಮರ ಮುರಿಯಿತು. ಬರವಣಿಗೆಯು ದಿನಚರಿಯಂತೆ ಒಣಗಿದೆ. ಹವೆಯ ವಿವರಗಳು ಬೇಸರ ತರಿಸುವಷ್ಟಿವೆ. ಆದರೆ ಮಗುಚಿದ ದೋಣಿಯ ಪ್ರಸಂಗದಲ್ಲಿ ಆ ಒಣಗುತನವೇ ಗುಣವಾಗಿಬಿಡುತ್ತದೆ, ಏಕೆಂದರೆ ಅಲ್ಲಿ ಒಂದು ಉಪಮೆ ಬಂದಿದ್ದರೂ ಸುಳ್ಳಾಗುತ್ತಿತ್ತು. ಆ ದೋಣಿಯು ಈಗ ಇಂಗ್ಲೆಂಡಿನ ಫಾಲ್ಮತ್‌ನಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ.

ಭಾರತೀಯರಲ್ಲಿ ದಿಲೀಪ ದೋಂದೆಯವರು ೨೦೦೯–೧೦ರಲ್ಲಿಯೂ, ಅಭಿಲಾಷ್ ಟೋಮಿಯವರು ೨೦೧೨–೧೩ರಲ್ಲಿಯೂ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದುದು ವಾಚಕರಿಗೆ ವಿದಿತವೇ ಆಗಿದೆ. ಇಬ್ಬರೂ ಗ್ರಂಥ ಬರೆದಿದ್ದಾರೆ. ಗೋವೆಯಲ್ಲಿ ಕಟ್ಟಿದ ಅವರ ೫೬ ಅಡಿಯ ನಾವೆಗೆ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ಮಹಾದಾಯಿಯ ಹೆಸರು. ಆದರೆ ಅದು ನೌಕಾಪಡೆಯ ನಾವೆ. ಹಿತ್ತಲಿನ ದೋಣಿಯ ಮಾತು ಬೇರೆ.

ಇಂಥ ಗದ್ಯವನ್ನು ಕನ್ನಡಕ್ಕೆ ತರುವವನಿಗೆ ಮೊದಲ ತೊಡಕು ಶಬ್ದಗಳಲ್ಲಿಯೇ ಬರುವುದು. ಮಚವೆ, ಪತ್ತೇಮಾರಿಗಳು ಹಾಯಿಯ ಬಲದಿಂದ ಕರಾವಳಿಯಲ್ಲಿ ಸರಕು ಸಾಗಿಸುತ್ತಿದ್ದ ಕಾಲಕ್ಕೆ ಭಟ್ಕಳ, ಹೊನ್ನಾವರ, ಗಂಗೊಳ್ಳಿಗಳ ತಂಡೇಲರ ಬಾಯಲ್ಲಿ ಪ್ರತಿ ಹಗ್ಗಕ್ಕೂ ಪ್ರತಿ ಗಾಳಿಗೂ ಹೆಸರಿತ್ತು. ದೋಣಿಗೆ ಯಂತ್ರ ಬಂದ ಮೇಲೆ ಹಾಯಿಯೊಂದಿಗೆ ಆ ಮಾತುಗಳೂ ಸುತ್ತಿಡಲ್ಪಟ್ಟವು. ಉಳಿದವುಗಳ ಗತಿಯನ್ನು ನೋಡಬೇಕಾದರೆ ಚುಕ್ಕಾಣಿ ಎಂಬ ಶಬ್ದವೊಂದೇ ಸಾಕು. ಅದು ಇಂದಿನ ವೃತ್ತಪತ್ರಗಳಲ್ಲಿ ಕಾಣುವುದು ಅಧಿಕಾರದ ಚುಕ್ಕಾಣಿಯಾಗಿ, ಸರಕಾರದ ಚುಕ್ಕಾಣಿಯಾಗಿ. ಮ್ಯಾನ್ರಿಯ ಚುಕ್ಕಾಣಿ ಮುರಿದ ಪುಟವನ್ನು ಕನ್ನಡಿಸುವಾಗ ಅದು ಮತ್ತೆ ಬರಿಯ ಮರದ ಹಲಗೆಯಾಗಬೇಕು: ಅಟ್ಲಾಂಟಿಕ್ ನಡುವೆ ಅಲೆಗೆ ಸಿಕ್ಕಿ ಮುರಿದದ್ದು, ಹದಿಮೂರೂವರೆ ಅಡಿಯ ದೋಣಿಯೊಳಗೇ ಇದ್ದ ಸಾಮಾನಿನಿಂದ, ಒದ್ದೆಯಾದ ಎರಡು ಕೈಗಳಿಂದ ಸರಿಪಡಿಸಿದ್ದು.